ಚರ್ಮದ ಹುಣ್ಣಿನ ಬಯಾಪ್ಸಿಯಲ್ಲಿ ಲೀಶ್ಮೇನಿಯಾ ಹುಡುಕುವುದು ಹೇಗೆ?

ಕೆಲವು ವರ್ಷಗಳ ಹಿಂದೆ ನನ್ನ ಮೇಜಿಗೆ ಎರಡು ಸ್ಲೈಡ್ ಬಂದವು. ಗಲ್ಫ್‌ನಲ್ಲಿ ಕೆಲಸ ಮಾಡಿ ಊರಿಗೆ ಮರಳಿದ್ದ ಹುಡುಗನ ಮುಂಗೈ ಹುಣ್ಣಿನ ಬಯಾಪ್ಸಿ. ಬೇರೊಂದು ಲ್ಯಾಬಿನಲ್ಲಿ ಆಂಟಿಬಾಡಿ ಬಣ್ಣ ಹಾಕಿ, ಲೀಶ್ಮೇನಿಯಾ ಎಂಬ ಪರಾವಲಂಬಿ ಇದೆ ಎಂದು ಬರೆದು ಕೊಟ್ಟಿದ್ದರು. ಕಂದು ಚುಕ್ಕೆಗಳೇನೋ ರಾಶಿ ರಾಶಿ ಇದ್ದವು. ಆದರೆ ಆಂಟಿಬಾಡಿ ಹಾಕದ ಜೋಡಿ ಸ್ಲೈಡಿನಲ್ಲೂ ಅಷ್ಟೇ ಇದ್ದವು! ಅದು ಬಣ್ಣವೂ ಅಲ್ಲ, ಪರಾವಲಂಬಿಯೂ ಅಲ್ಲ. ಅವನದೇ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್. ಅಷ್ಟರಲ್ಲಿ ಅವನಿಗೆ ಹುಣ್ಣಿನೊಳಗೇ ಚುಚ್ಚುವ ಆಂಟಿಮನಿ ಇಂಜೆಕ್ಷನ್ ಎರಡು ಸಲ ಆಗಿಹೋಗಿತ್ತು. ಆ ಚುಚ್ಚು ಎಷ್ಟು ನೋಯುತ್ತದೆ ಎಂದು ಹಾಕಿಸಿಕೊಂಡವರನ್ನೇ ಕೇಳಬೇಕು.

ಆ ಜೋಡಿ ಸ್ಲೈಡನ್ನು ಯಾರೂ ಪಕ್ಕದಲ್ಲಿಟ್ಟು ನೋಡಿರಲಿಲ್ಲ. ಇಂಥ ತಪ್ಪನ್ನು ಆಮೇಲೂ ಕಂಡಿದ್ದೇನೆ. ಹೊಸದಾಗಿ ಲ್ಯಾಬಿಗೆ ಸೇರಿದವರಿಗೆ ಉಪಯೋಗವಾಗಲಿ ಎಂದು ಇಡೀ ಕೆಲಸವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಕಾಯಿಲೆಯ ಬಗ್ಗೆ ಎರಡು ಮಾತು. ಚರ್ಮದ ಲೀಶ್ಮೇನಿಯಾಸಿಸ್ ಮರಳು ನೊಣ ಕಚ್ಚುವುದರಿಂದ ಬರುತ್ತದೆ. ನಮ್ಮ ದೇಶದಲ್ಲಿ ರಾಜಸ್ಥಾನದ ಬಿಕಾನೇರ್ ಕಡೆ ಹಳೆಯ ಕಾಯಿಲೆ. ಹಿಮಾಚಲದ ಸಟ್ಲೆಜ್ ಕಣಿವೆಯಲ್ಲೂ ಇದೆ, ಕೇರಳದ ಅಗಸ್ತ್ಯಮಲೆ ಕಾಡಿನ ಕಾಣಿ ಬುಡಕಟ್ಟಿನ ಜನರಲ್ಲೂ ಕಂಡಿದೆ. ನಮ್ಮ ಕಡೆ ಬರುವ ಬಯಾಪ್ಸಿಗಳಲ್ಲಿ ಗಲ್ಫ್‌ನಿಂದ ಬಂದವರದ್ದನ್ನು ಮರೆಯುವಂತಿಲ್ಲ. ದೆಹಲಿ ಹುಣ್ಣು ಎಂದು ಕರೆಯುತ್ತಿದ್ದ ಕಾಲದಲ್ಲಿ, 1885ರಲ್ಲೇ, ಕನಿಂಗ್‌ಹ್ಯಾಮ್ ಎಂಬ ವೈದ್ಯರು ಕೋಲ್ಕತ್ತದಲ್ಲಿ ಕುಳಿತು ಈ ಹುಣ್ಣಿನೊಳಗಿನ ಪುಟ್ಟ ಕಾಯಗಳನ್ನು ವಿವರಿಸಿದ್ದರು. ಆಗ ಆಂಟಿಬಾಡಿ ಇರಲಿಲ್ಲ. ಹೊಸ ಹುಣ್ಣಾದರೆ ಈಗಲೂ ಬೇಕಾಗಿಲ್ಲ. ಗೀಮ್ಸಾ ಬಣ್ಣದಲ್ಲೇ ಪರಾವಲಂಬಿ ಸಿಗುತ್ತದೆ. ಹುಣ್ಣಿಗೆ ಆರು ತಿಂಗಳು ದಾಟಿದಾಗ ಕಷ್ಟ ಶುರು. ಪರಾವಲಂಬಿ ತೀರಾ ಕಡಿಮೆಯಾಗಿರುತ್ತದೆ. ಮಾಮೂಲಿ ಎಚ್ ಅಂಡ್ ಇ ಬಣ್ಣದಲ್ಲಿ ಬರೀ ಗ್ರಾನುಲೋಮ, ಅಂದರೆ ರಕ್ಷಣಾ ಕೋಶಗಳ ಗಂಟು, ಕಾಣುತ್ತದೆ. ಕುಷ್ಠವೋ, ಚರ್ಮದ ಕ್ಷಯವೋ, ಶಿಲೀಂಧ್ರವೋ, ಇದೋ ಎಂದು ತಲೆ ಕೆಡುತ್ತದೆ.

ತುಂಡು ತೆಗೆಯುವುದು

ಹುಣ್ಣಿನ ನಡುಭಾಗದಿಂದ ತೆಗೆಯಬೇಡಿ. ಅಲ್ಲಿರುವುದು ಸತ್ತ ಟಿಶ್ಯೂ ಮತ್ತು ಕೀವು. ಉಬ್ಬಿ ಗಟ್ಟಿಯಾಗಿರುವ ಅಂಚಿನಿಂದ 4 ಮಿಲಿಮೀಟರ್ ಪಂಚ್ ಸಾಕು. ಫಾರ್ಮಲಿನ್‌ಗೆ ಹಾಕುವ ಮುಂಚೆ ತುಂಡಿನ ಕತ್ತರಿಸಿದ ಮೈಯನ್ನು ಒಂದು ಸ್ಲೈಡಿಗೆ ಮೆಲ್ಲಗೆ ಒತ್ತಿ, ಗೀಮ್ಸಾಗೆ ಇಡಿ. ಎರಡು ನಿಮಿಷದ ಕೆಲಸ. ಎಷ್ಟೋ ಸಲ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ. ಆಮೇಲೆ ತುಂಡಿನ ಹತ್ತು ಪಟ್ಟಾದರೂ ಇರುವಷ್ಟು 10% ಬಫರ್ಡ್ ಫಾರ್ಮಲಿನ್‌ನಲ್ಲಿ ಮುಳುಗಿಸಿ. ಒಂದು ದಿನ ಸಾಕು. ಸಲೈನ್‌ನಲ್ಲಿ ಹಾಕಿ ಕಳಿಸಿದ ತುಂಡು ದಾರಿಯಲ್ಲೇ ಹಾಳಾಗುತ್ತದೆ. ಬಫರ್ ಇಲ್ಲದ ಅಗ್ಗದ ಫಾರ್ಮಲಿನ್ ಕ್ಯಾನ್ ಕೊಳ್ಳಲೇಬೇಡಿ. ಅದು ಹುಳಿಯಾಗಿ ಟಿಶ್ಯೂ ತುಂಬ ಕಪ್ಪು ಕಂದು ಕಣ ಬಿಡುತ್ತದೆ. ಮೆಲನಿನ್ ಕಾಟದ ಜೊತೆಗೆ ಅದೂ ಒಂದು ಸೇರಿಕೊಳ್ಳುತ್ತದೆ.

ಬ್ಲಾಕ್, ಸೆಕ್ಷನ್

ತುಂಡನ್ನು ಮೇಣದಲ್ಲಿ ಹುದುಗಿಸಿ ಬ್ಲಾಕ್ ಮಾಡುವುದು ಎಲ್ಲರಿಗೂ ಗೊತ್ತು. 3 ಮೈಕ್ರಾನ್‌ಗೆ ಕತ್ತರಿಸಿ. ಪರಾವಲಂಬಿಯೇ 2ರಿಂದ 4 ಮೈಕ್ರಾನ್ ಇರುವಾಗ ದಪ್ಪ ಸೆಕ್ಷನ್ ಮಾಡಿದರೆ ಒಂದರ ಮೇಲೊಂದು ಕೂತು ಏನೂ ತಿಳಿಯುವುದಿಲ್ಲ. ಟಿಶ್ಯೂ ಗಟ್ಟಿಯಾಗಿ ಅಂಟುವ ಚಾರ್ಜ್ಡ್ ಸ್ಲೈಡನ್ನೇ ಬಳಸಿ. ಮೊಟ್ಟೆಯ ಬಿಳಿ ಸವರಿದ ಸ್ಲೈಡ್ ಬಿಸಿ ಬಫರಿಗೆ ತಡೆಯುವುದಿಲ್ಲ. ಚರ್ಮವಂತೂ ಮೊದಲು ಕಿತ್ತುಕೊಂಡು ಬರುತ್ತದೆ. ರಾತ್ರಿಯಿಡೀ 37 ಡಿಗ್ರಿಯಲ್ಲಿ ಒಣಗಿಸಿ, ಬೆಳಿಗ್ಗೆ 60 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ಬರೀ ಅರ್ಧ ಗಂಟೆ ಒವನ್‌ನಲ್ಲಿಟ್ಟು ಮುಗಿಸುವ ಅಭ್ಯಾಸ ಚರ್ಮಕ್ಕೆ ಆಗಿಬರುವುದಿಲ್ಲ.

ಆಂಟಿಬಾಡಿ ಆರಿಸುವುದು

ಲೀಶ್ಮೇನಿಯಾ ವಿರುದ್ಧವೇ ತಯಾರಿಸಿದ ಆಂಟಿಬಾಡಿ ಸಿಕ್ಕರೆ ಸರಿ. ಆದರೆ ಎಲ್ಲ ಲ್ಯಾಬಿಗೂ ಅದು ಸಿಗುವುದಿಲ್ಲ. ಸಿಡಿ1ಎ ಎಂಬ ಆಂಟಿಬಾಡಿ ಮಾತ್ರ ದೊಡ್ಡ ಲ್ಯಾಬ್‌ಗಳಲ್ಲಿ ಇದ್ದೇ ಇರುತ್ತದೆ. ಅದು ಇರುವುದು ನಮ್ಮದೇ ಚರ್ಮದ ಲ್ಯಾಂಗರ್‌ಹಾನ್ಸ್ ಜೀವಕೋಶಗಳನ್ನು ತೋರಿಸಲು. ಆದರೆ ಅದರಲ್ಲೇ ಎಂಟಿಬಿ1 ಎಂಬ ಕ್ಲೋನ್ (ಒಂದೇ ಮೂಲದ ಕೋಶಗಳಿಂದ ಬಂದ ಆಂಟಿಬಾಡಿ) ಲೀಶ್ಮೇನಿಯಾಕ್ಕೂ ಅಂಟುತ್ತದೆ. ನಾವು ಬಳಸಿಕೊಳ್ಳುವುದು ಈ ಅಡ್ಡ ಗುಣವನ್ನೇ. ಹಾಗಾಗಿ ಬಾಟಲಿಯ ಮೇಲೆ ಸಿಡಿ1ಎ ಎಂದು ಇದ್ದರೆ ಸಾಲದು, ಕ್ಲೋನ್ ಹೆಸರು ಓದಿ. ಬೇರೆ ಕ್ಲೋನ್ ತಂದರೆ ಲ್ಯಾಂಗರ್‌ಹಾನ್ಸ್ ಕೋಶ ಚೆನ್ನಾಗಿ ಬಣ್ಣ ಹಿಡಿದು, ಪರಾವಲಂಬಿ ಹಾಗೇ ಖಾಲಿ ಉಳಿಯಬಹುದು.

ಬಿಸಿ ಬಫರ್: ಇಲ್ಲಿ ಆತುರ ಬೇಡ

ಜೈಲೀನ್, ಆಲ್ಕೋಹಾಲ್, ನೀರು. ಆಮೇಲೆ 3% ಹೈಡ್ರೋಜನ್ ಪೆರಾಕ್ಸೈಡ್ ಹತ್ತು ನಿಮಿಷ. ಇವು ಸುಲಭ. ಪೆರಾಕ್ಸೈಡ್ ಬಾಟಲಿ ತೆರೆದು ಎಷ್ಟು ದಿನವಾಯಿತು ಎಂದು ಮಾತ್ರ ನೋಡಿಕೊಳ್ಳಿ. ಸತ್ತ ಪೆರಾಕ್ಸೈಡ್ ಹಾಕಿದರೆ ರಕ್ತಕಣಗಳೆಲ್ಲ ಕಂದಾಗುತ್ತವೆ.

ಫಾರ್ಮಲಿನ್ ಪ್ರೋಟೀನ್‌ಗಳನ್ನು ಒಂದಕ್ಕೊಂದು ಬಿಗಿದಿರುತ್ತದೆ. ಅದನ್ನು ಬಿಡಿಸದೆ ಆಂಟಿಬಾಡಿಗೆ ಜಾಗ ಸಿಗುವುದಿಲ್ಲ. ಬಿಡಿಸುವುದು ಬಿಸಿ ಬಫರ್. ನಾನು ಪಿಎಚ್ 9ರ ಟ್ರಿಸ್-ಇಡಿಟಿಎ ಬಿಟ್ಟು ಬೇರೆ ಬಳಸುವುದಿಲ್ಲ. ಪಿಎಚ್ ಅನ್ನು ಮೀಟರ್‌ನಲ್ಲಿ ನೋಡಿ, ಬಣ್ಣದ ಕಾಗದದಲ್ಲಿ ಅಂದಾಜು ಮಾಡಬೇಡಿ. ಬಫರ್ ಆಯಾ ದಿನವೇ ಮಾಡಿಕೊಳ್ಳಿ.

ಅನೇಕರು ಮನೆಯ ಕುಕ್ಕರ್ ಬಳಸುತ್ತಾರೆ. ಲಿಂಫ್ ಗ್ರಂಥಿಗೆ ಅದು ಚೆನ್ನ. ಚರ್ಮದಲ್ಲಿ ಕೊಲಾಜನ್ ಜಾಸ್ತಿ, ಕೊತಕೊತ ಕುದಿತಕ್ಕೆ ಸೆಕ್ಷನ್ ಮಡಚಿಕೊಂಡು ಮೇಲೇಳುತ್ತದೆ. ವಾಟರ್ ಬಾತ್ ಒಳ್ಳೆಯದು. ಬಫರ್ ಮೊದಲೇ 95 ಡಿಗ್ರಿ ಮುಟ್ಟಿರಬೇಕು. ಆಮೇಲೆ ಸ್ಲೈಡ್ ಇಳಿಸಿ, 95ರಿಂದ 97ರ ನಡುವೆ 25 ನಿಮಿಷ. ಥರ್ಮಾಮೀಟರ್ ಜಾರ್‌ನೊಳಗೇ ಇರಲಿ. ಹೊರಗಿನ ನೀರಿನ ಬಿಸಿಗೂ ಜಾರ್‌ನೊಳಗಿನ ಬಿಸಿಗೂ ಎಷ್ಟೋ ಡಿಗ್ರಿ ವ್ಯತ್ಯಾಸ ಇರುತ್ತದೆ. ಎಷ್ಟೋ ಜನರ ಸ್ಲೈಡ್ ಖಾಲಿ ಬರುವುದು ಇದರಿಂದಲೇ.

ಸಮಯ ಮುಗಿದ ಕೂಡಲೇ ಸ್ಲೈಡ್ ಎತ್ತಬೇಡಿ, ನಲ್ಲಿ ನೀರು ಸುರಿಯಬೇಡಿ. ಜಾರನ್ನು ಹಾಗೇ ಮೇಜಿನ ಮೇಲಿಟ್ಟು 20 ನಿಮಿಷ ಬಿಡಿ. ಬಫರ್‌ನಲ್ಲೇ ತಣ್ಣಗಾಗಲಿ. ಇಲ್ಲಿಂದ ಮುಂದೆ ಸೆಕ್ಷನ್ ಒಂದು ಕ್ಷಣವೂ ಒಣಗಬಾರದು. ಒಣಗಿದ ಅಂಚು ಸುಮ್ನೆ ಕಂದಾಗುತ್ತದೆ. ಸೆಕ್ಷನ್ ಸುತ್ತ ಮೇಣದ ಪೆನ್ನಿನಿಂದ ಗೆರೆ ಎಳೆದು, ಒದ್ದೆ ಟಿಶ್ಯೂ ಪೇಪರ್ ಹಾಸಿದ ಮುಚ್ಚಳದ ಡಬ್ಬಿಯಲ್ಲಿ ಸ್ಲೈಡ್ ಮಲಗಿಸಿ.

ಆಂಟಿಬಾಡಿ, ಬಣ್ಣ

ಆಂಟಿಬಾಡಿ ಒಂದು ಗಂಟೆ, ಬಫರ್‌ನಲ್ಲಿ ಮೂರು ಸಲ ತೊಳೆಯುವುದು, ಆಂಟಿಬಾಡಿಗೆ ಅಂಟಿ ಬಣ್ಣ ಬರಿಸುವ ಪಾಲಿಮರ್ ಅರ್ಧ ಗಂಟೆ, ಮತ್ತೆ ತೊಳೆಯುವುದು. ಒಮ್ಮೆ ಹಾಕಿದ ಆಂಟಿಬಾಡಿಯನ್ನು ಪಿಪೆಟ್‌ನಲ್ಲಿ ಎತ್ತಿಟ್ಟು ನಾಳೆಗೆ ಬಳಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಅದರ ಬೆಲೆ ನನಗೂ ಗೊತ್ತು. ಆದರೂ ಬೇಡ.

ಕೊನೆಗೆ ಹಾಕುವ ಡಿಎಬಿ ಕಂದು ಬಣ್ಣ ಕೊಡುತ್ತದೆ. ಮೆಲನಿನ್ ಕೂಡ ಕಂದು. ನಮ್ಮ ಜನರ ಚರ್ಮದಲ್ಲಿ, ಅದರಲ್ಲೂ ಗಾಯವಾಗಿ ಊದಿಕೊಂಡ ಜಾಗದಲ್ಲಿ, ಮೆಲನಿನ್ ಕೆಳಗೆ ಸೋರಿ ಚರ್ಮದ ಒಳಪದರವಾದ ಡರ್ಮಿಸ್‌ಗೆ ಇಳಿದಿರುತ್ತದೆ. ಅದನ್ನು ನುಂಗಿದ ಮ್ಯಾಕ್ರೋಫೇಜ್ (ಹೊರಗಿನ ಕಣಗಳನ್ನು ನುಂಗುವ ರಕ್ಷಣಾ ಕೋಶ) ಥೇಟ್ ಲೀಶ್ಮೇನಿಯಾ ತುಂಬಿದ ಮ್ಯಾಕ್ರೋಫೇಜ್ ಥರವೇ ಕಾಣುತ್ತದೆ. ಆ ಹುಡುಗನ ಸ್ಲೈಡಿನಲ್ಲಿ ಆಗಿದ್ದೂ ಇದೇ.

ಇದಕ್ಕೆ ಎರಡು ದಾರಿ ಇವೆ. ಒಂದು, ಎಇಸಿ ಎಂಬ ಕೆಂಪು ಬಣ್ಣ. ಅದು ಆಲ್ಕೋಹಾಲ್‌ನಲ್ಲಿ ಕರಗಿಹೋಗುತ್ತದೆ. ಅಭ್ಯಾಸಬಲದಿಂದ ಆಲ್ಕೋಹಾಲ್, ಜೈಲೀನ್ ದಾಟಿಸಿ ಮೌಂಟ್ ಮಾಡಿದರೆ ಇಡೀ ದಿನದ ಕೆಲಸ ತೊಳೆದುಹೋಯಿತು. ನೀರಿನ ಮೌಂಟಿಂಗ್ ದ್ರವವೇ ಬೇಕು, ಸ್ಲೈಡ್ ಜಾಸ್ತಿ ವರ್ಷ ಬಾಳುವುದೂ ಇಲ್ಲ. ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ. ಡಿಎಬಿಯನ್ನೇ ಹಾಕಿ, ಕೊನೆಯ ನೀಲಿ ಬಣ್ಣವಾದ ಹೆಮಟಾಕ್ಸಿಲಿನ್ ಬದಲು ಗೀಮ್ಸಾ ಹಾಕಿ. ಆಗ ಡಿಎಬಿ ಕಂದಾಗಿಯೇ ಉಳಿಯುತ್ತದೆ, ಮೆಲನಿನ್ ಹಸಿರು ಬಣ್ಣಕ್ಕೆ ತಿರುಗುತ್ತದೆ. ಎರಡೂ ಪಕ್ಕಪಕ್ಕದಲ್ಲಿದ್ದರೂ ಕಣ್ಣು ಮೋಸಹೋಗುವುದಿಲ್ಲ. ಮೆಲನಿನ್ ಅನ್ನು ಮೊದಲೇ ಬ್ಲೀಚ್ ಮಾಡುವ ಶಾರ್ಟ್‌ಕಟ್ ಬೇಡ. ಸೆಕ್ಷನ್‌ಗೂ ಏಟು, ಆಂಟಿಬಾಡಿ ಅಂಟುವ ಜಾಗಕ್ಕೂ ಏಟು.

ಹೆಮಟಾಕ್ಸಿಲಿನ್ನೇ ಹಾಕುವುದಾದರೆ ಅರ್ಧ ನಿಮಿಷ ಸಾಕು. ಗಾಢ ನೀಲಿಯಾದರೆ ಸಣ್ಣ ಚುಕ್ಕೆಗಳು ಮುಚ್ಚಿಹೋಗುತ್ತವೆ.

ಜೋಡಿ ಸ್ಲೈಡ್‌ಗಳು

ಪ್ರತಿ ಕೇಸಿಗೂ ಅದೇ ಬ್ಲಾಕಿನ ಇನ್ನೊಂದು ಸೆಕ್ಷನ್ ಇರಲಿ. ಅದಕ್ಕೆ ಆಂಟಿಬಾಡಿ ಬದಲು ಬರೀ ಬಫರ್ ಹಾಕಿ, ಉಳಿದದ್ದೆಲ್ಲ ಒಂದೇ ರೀತಿ ಮಾಡಿ. ಅದರಲ್ಲೂ ಕಂದು ಕಂಡರೆ ಅದು ಪರಾವಲಂಬಿಯಲ್ಲ. ಲೀಶ್ಮೇನಿಯಾ ಖಚಿತವಾಗಿರುವ ಹಳೆಯ ಬ್ಲಾಕಿನ ಸೆಕ್ಷನ್ ಕೂಡ ಅದೇ ಟ್ರೇನಲ್ಲಿ ಹೋಗಬೇಕು. ಸಿಡಿ1ಎ ಬಳಸಿದಾಗ ಒಂದು ಅನುಕೂಲ ಇದೆ, ರೋಗಿಯ ಚರ್ಮದ ಹೊರಪದರವಾದ ಎಪಿಡರ್ಮಿಸ್‌ನಲ್ಲೇ ಲ್ಯಾಂಗರ್‌ಹಾನ್ಸ್ ಕೋಶಗಳಿವೆ. ಕೈಕಾಲು ಚಾಚಿದ ಅವು ಕಂದಾಗಿ ಕಾಣಲೇಬೇಕು. ಕಾಣದಿದ್ದರೆ ಬಣ್ಣವೇ ಕೆಲಸ ಮಾಡಿಲ್ಲ. ಆ ಸ್ಲೈಡ್ ಓದಬೇಡಿ, ಮತ್ತೆ ಮಾಡಿ.

ಓದುವುದು

ಎಪಿಡರ್ಮಿಸ್‌ಗೆ ತಾಗಿದ ಡರ್ಮಿಸ್‌ನಿಂದ ಶುರುಮಾಡಿ. ಪರಾವಲಂಬಿ ಜಾಸ್ತಿ ಇರುವುದು ಅಲ್ಲೇ. 40ರಲ್ಲಿ ಜಾಗ ಹುಡುಕಿ, 100ರ ಎಣ್ಣೆ ಲೆನ್ಸ್‌ನಲ್ಲಿ ಖಚಿತಪಡಿಸಿಕೊಳ್ಳಿ. ಮ್ಯಾಕ್ರೋಫೇಜ್ ಒಳಗೆ ಗುಳ್ಳೆಯಂಥ ಖಾಲಿ ಜಾಗ, ಅದರ ಒಳ ಅಂಚಿಗೆ ಸಾಲಾಗಿ ಕೂತ ಕಂದು ಚುಕ್ಕೆಗಳು. ತೇರಿನ ಸುತ್ತ ದೀಪ ಸಾಲು ಕಟ್ಟಿದ ಹಾಗೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಅಳತೆ. ಮೆಲನಿನ್ ಕಣಗಳಾದರೆ ಒಂದು ದಪ್ಪ, ಒಂದು ಸಣ್ಣ. ಇಡೀ ಜೀವಕೋಶದ ಹೊರಗೆರೆ ಕಂದಾಗಿ ಕೊಂಬೆ ಚಾಚಿದ್ದರೆ ಅದು ಡರ್ಮಿಸ್‌ಗೆ ಬಂದ ಡೆಂಡ್ರೈಟಿಕ್ ಕೋಶ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಚುಕ್ಕೆ ಸಿಕ್ಕ ಮೇಲೆ ಎಚ್ ಅಂಡ್ ಇ ಅಥವಾ ಗೀಮ್ಸಾ ಸ್ಲೈಡಿನಲ್ಲಿ ಅದೇ ಜಾಗಕ್ಕೆ ಹೋಗಿ. ದುಂಡನೆಯ ನ್ಯೂಕ್ಲಿಯಸ್, ಪಕ್ಕದಲ್ಲಿ ಕೈನೆಟೋಪ್ಲಾಸ್ಟ್ ಎಂಬ ಸಣ್ಣ ಕಡ್ಡಿಯಂಥ ಡಿಎನ್‌ಎ ಗಂಟು. ಈ ಜೋಡಿ ಕಂಡರೆ ಕೇಸ್ ಮುಗಿಯಿತು. ಹಿಸ್ಟೋಪ್ಲಾಸ್ಮಾ ಎಂಬ ಶಿಲೀಂಧ್ರವೂ ಇದೇ ಅಳತೆಯದ್ದು, ಅದೂ ಮ್ಯಾಕ್ರೋಫೇಜ್ ಒಳಗೇ ಇರುತ್ತದೆ. ಆದರೆ ಅದಕ್ಕೆ ಕೈನೆಟೋಪ್ಲಾಸ್ಟ್ ಇಲ್ಲ, ಪಿಎಎಸ್ ಮತ್ತು ಸಿಲ್ವರ್ ಬಣ್ಣ ಹಿಡಿಯುತ್ತದೆ. ಗ್ರಾನುಲೋಮ ಇರುವ ಚರ್ಮಕ್ಕೆ ಪಿಎಎಸ್ ಜೊತೆ ಕುಷ್ಠಕ್ಕಾಗಿ ಫೈಟ್ ಬಣ್ಣವನ್ನೂ ಹಾಕಿಯೇ ಹಾಕುತ್ತೇನೆ, ಯಾರೂ ಕೇಳದಿದ್ದರೂ.

ವರದಿ

ಯಾವ ಕ್ಲೋನ್ ಬಳಸಿದಿರಿ, ಜೋಡಿ ಸ್ಲೈಡ್‌ನಲ್ಲಿ ಏನು ಕಂಡಿತು, ಕೈನೆಟೋಪ್ಲಾಸ್ಟ್ ಕಂಡಿತೋ ಇಲ್ಲವೋ, ಮೂರನ್ನೂ ಬರೆಯಿರಿ. ಖಾಲಿ ಬಂದರೆ 'ಈ ಸೆಕ್ಷನ್‌ಗಳಲ್ಲಿ ಕಾಣಲಿಲ್ಲ' ಎನ್ನಿ, ಕಾಯಿಲೆ ಇಲ್ಲ ಎಂದು ಬರೆಯಬೇಡಿ. ಯಾವ ಜಾತಿಯ ಲೀಶ್ಮೇನಿಯಾ ಎಂದು ಸಿಡಿ1ಎ ಹೇಳುವುದಿಲ್ಲ, ಅದಕ್ಕೆ ಪಿಸಿಆರ್ ಬೇಕು. ಹಾಗಾಗಿ ಬ್ಲಾಕ್ ಪೂರ್ತಿ ಕತ್ತರಿಸಿ ಖಾಲಿ ಮಾಡಬೇಡಿ. ಹೊಸ ಬ್ಲೇಡ್ ಹಾಕಿ ನಾಲ್ಕೈದು ಸುರುಳಿ ಒಂದು ಸ್ವಚ್ಛ ಟ್ಯೂಬ್‌ಗೆ ತೆಗೆದಿಡಿ. ಸಹಿ ಹಾಕುವ ಮೊದಲು ಚರ್ಮದ ಡಾಕ್ಟರಿಗೆ ಒಂದು ಫೋನ್ ಮಾಡಿ, ರೋಗಿ ಕಳೆದ ಎರಡು ಮೂರು ವರ್ಷ ಎಲ್ಲೆಲ್ಲಿ ಇದ್ದರು ಎಂದು ಕೇಳಿ ಬರೆದುಕೊಳ್ಳಿ. ಬಯಾಪ್ಸಿ ಫಾರಂನಲ್ಲಿ ಆ ಜಾಗ ಹೆಚ್ಚಾಗಿ ಖಾಲಿಯೇ ಇರುತ್ತದೆ.