ಹೊಸಬರಿಗೆ ಮಾರ್ಗದರ್ಶಿ: ಈ ಚಳಿಗಾಲ ಸ್ನೋ ಬೀಳುತ್ತಾ, ಮಳೆನಾ?

ಈ ಭಾಗವನ್ನು ದಾವಣಗೆರೆಯ ತವರುಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ದಸರಾಗೆ ಬಂದ ಮೂರನೇ ದಿನವೇ ನಾಲ್ಕು ಮನೆಯವರು ನೋಡಲು ಬಂದರು. ಒಬ್ಬರು ಹಿರಿಯೂರು, ಒಬ್ಬರು ಚಳ್ಳಕೆರೆ, ಇಬ್ಬರು ಇಲ್ಲೇ ವಿದ್ಯಾನಗರ. ಎಲ್ಲರೂ ದೀಪಾವಳಿ ಮುಗಿಸಿಕೊಂಡು ನ್ಯೂಜೆರ್ಸಿಯ ಎಡಿಸನ್ ಸುತ್ತಮುತ್ತ ಸಂಸಾರ ಹೂಡುವವರು. ಮಂಡಕ್ಕಿ ಮಿರ್ಚಿ ಖಾಲಿ ಆಗುವ ತನಕ ಒಂದೇ ಮಾತು: "ಅಕ್ಕಾ, ಈ ವರ್ಷ ಅಲ್ಲಿ ಸ್ನೋ ಬೀಳುತ್ತಾ, ಇಲ್ಲ ಬರೀ ಮಳೆನಾ?" ಬಾಡಿಗೆ ಕರಾರು ಓದಿದ್ದೀರಾ ಅಂತ ಕೇಳಿದೆ. ಒಬ್ಬರೂ ಓದಿಲ್ಲ. ಸ್ನೋದಲ್ಲಿ ನಿಂತು ತೆಗೆಸಿಕೊಳ್ಳುವ ಫೋಟೋ ಮಾತ್ರ ಎಲ್ಲರ ಕಣ್ಣಲ್ಲೂ ಆಗಲೇ ಇದೆ.

ಬೈಯುವುದಿಲ್ಲ, ನಾನೂ ಹಾಗೇ ಹೋದವಳು. ಉತ್ತರ ಕೇಳಿ: ಎರಡೂ ಬೀಳುತ್ತದೆ. ಎಷ್ಟೋ ಸಲ ಒಂದೇ ದಿನ, ಬೆಳಿಗ್ಗೆ ಒಂದು, ಸಂಜೆ ಇನ್ನೊಂದು. ನೀವು ತಯಾರಾಗಬೇಕಾದ್ದು ಆ ಎರಡರ ನಡುವಿನದಕ್ಕೆ.

ಭವಿಷ್ಯ ಹೇಳುವವರ ಬಗ್ಗೆ

ಚಿತ್ತೆ ಮಳೆಗೆ ನಮ್ಮಲ್ಲಿ ಕುರುಡು ಚಿತ್ತೆ ಅಂತಾರಲ್ವಾ, ಒಂದು ಹೊಲಕ್ಕೆ ಎರಚಿ ಬದುವಿನ ಆಚೆ ಹೊಲ ಬಿಟ್ಟುಬಿಡುತ್ತದೆ. ಅಲ್ಲಿನ ಸ್ನೋ ಅದೇ ಜಾತಿ. ಎಡಿಸನ್‌ಗೆ ಹತ್ತಿರದ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ 1869ರಿಂದ ಲೆಕ್ಕ ಇಟ್ಟಿದ್ದಾರೆ, ಈಗಿನ ಸರಾಸರಿ ವರ್ಷಕ್ಕೆ ಸುಮಾರು 30 ಇಂಚು. ಆದರೆ 2022–23ರ ಇಡೀ ಚಳಿಗಾಲದಲ್ಲಿ ಬಿದ್ದದ್ದು 2.3 ಇಂಚು, ಅಷ್ಟೂ ವರ್ಷಗಳಲ್ಲಿ ಅತಿ ಕಡಿಮೆ. 2016ರ ಜನವರಿಯಲ್ಲಿ ಒಂದೇ ಬಿರುಗಾಳಿ 27.5 ಇಂಚು ಸುರಿದು ಹೋಗಿತ್ತು. "ಎಲ್ ನಿನೋ ವರ್ಷ (ಪೆಸಿಫಿಕ್ ಕಡಲು ಮಾಮೂಲಿಗಿಂತ ಬೆಚ್ಚಗಿರುವ ವರ್ಷ) ಅಂತೆ, ಹಾಗಾಗಿ..." ಅಂತ ವಾಟ್ಸಾಪ್‌ನಲ್ಲಿ ಶುರು ಮಾಡುವ ಅಣ್ಣಂದಿರಿಗೆ ಇಷ್ಟು ಹೇಳಿ: 2015–16 ಎಲ್ ನಿನೋ, 2023–24 ಕೂಡ ಎಲ್ ನಿನೋ, ಎರಡೂ ಜೋರಾದವೇ. ಆ 27.5 ಇಂಚು ಬಿದ್ದದ್ದು ಮೊದಲನೆಯದರಲ್ಲಿ, ಎರಡನೆಯದರಲ್ಲಿ ಇಡೀ ಚಳಿಗಾಲಕ್ಕೆ 7.5 ಇಂಚು.

ನಮ್ಮ ಹಿರಿಯೂರಿನ ಮಾರಿಕಣಿವೆ ಡ್ಯಾಂ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಹಿರಿಯೂರಿನವರಿಗೆ ನಾನು ಬಿಡಿಸಿ ಹೇಳಬೇಕಾ?

ಅಲ್ಲಿನ ಸರ್ಕಾರಿ ಹವಾಮಾನದವರು ಅಕ್ಟೋಬರ್‌ನಲ್ಲಿ ಚಳಿಗಾಲದ ಅಂದಾಜು ಕೊಡುತ್ತಾರೆ. ಅದರಲ್ಲಿ ಚಳಿ ಜಾಸ್ತಿಯೋ ಕಡಿಮೆಯೋ, ತೇವ ಜಾಸ್ತಿಯೋ ಕಡಿಮೆಯೋ ಅಂತ ಸಾಧ್ಯತೆ ಇರುತ್ತದೆಯೇ ಹೊರತು ಎಷ್ಟು ಇಂಚು ಸ್ನೋ ಅಂತ ಇರುವುದಿಲ್ಲ. ಪಂಚಾಂಗ ನಂಬಬೇಡಿ ಅಂತ ನಿಮಗೆ ಹೇಳುವ ಆಫೀಸಿನವರೇ, ಫೆಬ್ರವರಿ 2ಕ್ಕೆ ಪೆನ್ಸಿಲ್ವೇನಿಯಾದಲ್ಲಿ ಅಳಿಲಿನ ವಂಶದ ಒಂದು ದಪ್ಪ ಪ್ರಾಣಿಯನ್ನು ಎತ್ತಿ ಹಿಡಿದು, ಅದಕ್ಕೆ ತನ್ನ ನೆರಳು ಕಂಡರೆ ಇನ್ನೂ ಆರು ವಾರ ಚಳಿ ಅನ್ನುವುದನ್ನು ಟೀವಿಯಲ್ಲಿ ನೋಡುತ್ತಾರೆ. ಸುಮ್ನೆ ಹೇಳಿದೆ.

ಒಂದೇ ಮೋಡ, ನಾಲ್ಕು ಅವತಾರ

ಚಳಿಗಾಲದ ಮೋಡದಲ್ಲಿ ಹುಟ್ಟುವಾಗ ಬಹುಪಾಲು ಸ್ನೋನೇ. ಇಳಿಯುವ ದಾರಿಯಲ್ಲಿ ಬೆಚ್ಚನೆ ಗಾಳಿ ಸಿಕ್ಕರೆ ಕರಗಿ ಮಳೆಯಾಗುತ್ತದೆ. ಕರಗಿದ ಹನಿಗೆ ನೆಲದ ಹತ್ತಿರ ದಪ್ಪನೆ ಚಳಿ ಪದರ ಸಿಕ್ಕರೆ ಮತ್ತೆ ಗಟ್ಟಿಯಾಗಿ ಸಾಬೂದಾನಿ ಥರ ಪಟಪಟ ಉದುರುತ್ತದೆ, ಅದು ಸ್ಲೀಟ್. ಆ ಚಳಿ ಪದರ ತೆಳ್ಳಗಿದ್ದರೆ ಹನಿ ನೀರಾಗಿಯೇ ಬಿದ್ದು, ಮುಟ್ಟಿದ ಜಾಗದಲ್ಲಿ ಗಾಜಾಗುತ್ತದೆ. ಫ್ರೀಜಿಂಗ್ ರೇನ್ ಅಂದರೆ ಇದು. ನಾಲ್ಕರಲ್ಲಿ ಇದೇ ಪಾಪಿ. ಕಿಟಕಿಯಿಂದ ನೋಡಿದರೆ ನಮ್ಮೂರ ಜಿಟಿಜಿಟಿ ಮಳೆ ಥರಾನೇ ಕಾಣುತ್ತದೆ.

ಎಡಿಸನ್‌ಗೆ ಈ ಕಾಟ ಜಾಸ್ತಿ ಯಾಕೆಂದರೆ ಊರು ಇರುವ ಜಾಗ ಹಾಗಿದೆ. ದೊಡ್ಡ ಬಿರುಗಾಳಿಗಳು ಕರಾವಳಿ ಹಿಡಿದು ದಕ್ಷಿಣದಿಂದ ಮೇಲೆ ಬರುತ್ತವೆ, ಅಟ್ಲಾಂಟಿಕ್ ಕಡೆಯಿಂದ ಗಾಳಿ ಬೀಸುತ್ತದೆ. ಜನವರಿಯಲ್ಲೂ ಆ ಕಡಲು ಒಳನಾಡಿನ ನೆಲಕ್ಕಿಂತ ಬೆಚ್ಚಗೆ. ಬಿರುಗಾಳಿ ದಡಕ್ಕೆ ಅಂಟಿಕೊಂಡು ಬಂದರೆ ಕಡಲ ಗಾಳಿ ನಮ್ಮ ತನಕ ತಲುಪಿ ಮಳೆ. ಸ್ವಲ್ಪ ದೂರ ಸರಿದರೆ ಸ್ನೋ. ಇನ್ನೂ ದೂರ ಹೋದರೆ ಏನೂ ಇಲ್ಲ, ಬರೀ ಮೋಡ. ಒಂದೇ ಬಿರುಗಾಳಿಗೆ ನ್ಯೂಜೆರ್ಸಿಯ ಉತ್ತರಕ್ಕಿರುವ ಸಸೆಕ್ಸ್ ಕಡೆ ಗುಡ್ಡದಲ್ಲಿ ಸ್ನೋ, ಸಮುದ್ರದ ದಂಡೆಯಲ್ಲಿ ಮಳೆ, ನಮ್ಮಲ್ಲಿ ರಾಡಿ.

2015ರ ಜನವರಿ 26ಕ್ಕೆ ನ್ಯೂಯಾರ್ಕಿಗೆ ಎರಡು ಮೂರು ಅಡಿ ಬೀಳಬಹುದು ಅಂದರು, ಸಬ್‌ವೇ ಕೂಡ ನಿಲ್ಲಿಸಿದರು. ಬಿರುಗಾಳಿ ಒಂಚೂರು ಪೂರ್ವಕ್ಕೆ ಸರಿಯಿತು. ಸೆಂಟ್ರಲ್ ಪಾರ್ಕ್‌ಗೆ 9.8 ಇಂಚು, ನ್ಯೂಜೆರ್ಸಿಯಲ್ಲಿ ಎಷ್ಟೋ ಕಡೆ ಅದಕ್ಕಿಂತಲೂ ಕಡಿಮೆ. ನಮ್ಮ ಭಾಗದ ಹವಾಮಾನ ಕಚೇರಿಯ ಮುಖ್ಯಸ್ಥರೇ ಬಹಿರಂಗವಾಗಿ ಕ್ಷಮೆ ಕೇಳಿದರು. ಆದ್ದರಿಂದ ಐದು ದಿನ ಮೊದಲಿನ ಇಂಚಿನ ಲೆಕ್ಕ ಕಟ್ಟೆ ಪುರಾಣ ಅಂದುಕೊಳ್ಳಿ. ಎರಡು ದಿನ ಇರುವಾಗ ನೋಡಿ. ಹವಾಮಾನದವರ ಸೂಚನೆಯಲ್ಲಿ ವಾಚ್ ಅಂತ ಇದ್ದರೆ ಬರಬಹುದು ಅಂತ. ವಾರ್ನಿಂಗ್ ಅಂತ ಇದ್ದರೆ ಬಂತು ಅಂತಲೇ, ಸಾಮಾನು ತಂದಿಟ್ಟುಕೊಳ್ಳಿ.

ನನ್ನ ಮೊಣಕೈ

ಮೊದಲ ವರ್ಷ ಆರು ಇಂಚು ಸ್ನೋ ಅಂದರು. ಮಗಳು ರಾತ್ರಿಯೇ ಕೋಟು ಹಾಕಿಕೊಂಡು ಕೂತಳು. ಬಂದದ್ದು ಮಳೆ. "ಇಷ್ಟೇನಾ ನಿಮ್ಮ ಅಮೆರಿಕ" ಅಂತ ಯಜಮಾನರನ್ನು ಆಡಿಕೊಂಡು ಮಲಗಿದೆ. ನಸುಕಿನಲ್ಲಿ ಮಳೆ ನಿಂತು ಚಳಿ ಜೋರಾಗಿತ್ತು. ನಾನು ಕಸದ ಚೀಲ ಹಿಡಿದು, ದಾವಣಗೆರೆಯಿಂದ ತಂದ ಕ್ಯಾನ್ವಾಸ್ ಶೂ ಹಾಕಿಕೊಂಡು ಬಾಗಿಲು ತೆಗೆದೆ. ಮೆಟ್ಟಿಲು ಬರೀ ಒದ್ದೆಯಾಗಿದೆ ಅಂತ ಕಂಡಿತು. ಎರಡನೇ ಮೆಟ್ಟಿಲಿಂದ ಕೊನೇ ಮೆಟ್ಟಿಲಿಗೆ ಒಂದೇ ಸಲ ಬಂದೆ. ಮೊಣಕೈ ಬಿರುಕು ಬಿಟ್ಟಿತು, ಆರು ವಾರ ರೊಟ್ಟಿ ತಟ್ಟಲಿಲ್ಲ. ಮೆಟ್ಟಿಲಿಗೆ ಉಪ್ಪು ಯಾಕೆ ಹಾಕಿರಲಿಲ್ಲ ಅಂತ ಮನೆ ಮಾಲೀಕನಿಗೆ ಫೋನ್ ಮಾಡಿದರೆ, "ಸ್ನೋ ಬೀಳಲೇ ಇಲ್ಲವಲ್ಲ" ಅಂದ.

ಅದಕ್ಕೇ ಹೇಳುವುದು, ಆಕಾಶ ನೋಡಬೇಡಿ, ಅಂಕಿ ನೋಡಿ. ಫ್ಯಾರನ್‌ಹೀಟ್ 32 ಅಂದರೆ ನೀರು ಗಟ್ಟಿಯಾಗುವ ಗೆರೆ. ಸಂಜೆ 36ರಲ್ಲಿ ಮಳೆ, ಬೆಳಿಗ್ಗೆ 25 ಅಂತ ತೋರಿಸಿದರೆ ಅದು ಸ್ನೋ ದಿನಕ್ಕಿಂತ ಕೆಟ್ಟ ದಿನ. ರಾತ್ರಿಯೇ ಮೆಟ್ಟಿಲಿಗೆ ಉಪ್ಪು ಎರಚಿ (ಅಡುಗೆ ಉಪ್ಪಲ್ಲ, ಹಾರ್ಡ್‌ವೇರ್ ಅಂಗಡಿಯ ಐಸ್ ಕರಗಿಸುವ ಉಪ್ಪು). ಮೊದಲ ಬಿರುಗಾಳಿ ಸುದ್ದಿ ಬಂದ ಮೇಲೆ ಹೋದರೆ ಅದು ಸಿಗುವುದಿಲ್ಲ, ನವೆಂಬರ್‌ನಲ್ಲೇ ಒಂದು ಚೀಲ ತನ್ನಿ. ಕೈ ಜೇಬಿನಿಂದ ಹೊರಗಿರಲಿ, ಕಂಬಿ ಹಿಡಿಯಿರಿ. ನಾಚಿಕೆ ಬೇಡ, ಸಣ್ಣ ಹೆಜ್ಜೆ.

ಇನ್ನೊಂದು. ಊರಿಂದ ಸ್ವೆಟರ್, ಮಂಕಿ ಕ್ಯಾಪ್ ತುಂಬಿಕೊಂಡು ಬರುತ್ತೀರಿ, ಶೂ ಮಾತ್ರ ತೆಳ್ಳಗಿನದು. ಮೊದಲ ಡಾಲರ್ ನೀರು ಒಳಗೆ ಬಿಡದ, ಅಡಿ ಜಾರದ ಬೂಟಿಗೆ ಹಾಕಿ, ಕೋಟು ಆಮೇಲೆ. ಚಳ್ಳಕೆರೆ ಕಂಬಳಿ ಖಂಡಿತ ತನ್ನಿ, ಅದಕ್ಕೆ ಸಮ ಅಲ್ಲಿ ನನಗೆ ಸಿಕ್ಕಿಲ್ಲ, ಆದರೆ ಹೊದೆಯುವುದಕ್ಕೆ.

ಕಾರು

ಕಾರಿನ ಮೇಲಿನ ಸ್ನೋ ಪೂರ್ತಿ ತೆಗೆದೇ ಓಡಿಸಿ. ತೆಗೆಯದಿದ್ದರೆ ನ್ಯೂಜೆರ್ಸಿಯಲ್ಲಿ 25ರಿಂದ 75 ಡಾಲರ್ ದಂಡ, ಹಾರಿ ಯಾರಿಗಾದರೂ ಪೆಟ್ಟಾದರೆ 200ರಿಂದ 1,000. ಗಾಜಿಗೆ ಬಿಸಿನೀರು ಸುರಿಯಬೇಡಿ, ಬಿರಿಯುತ್ತದೆ. ವೈಪರ್ ನೀರು ಗಟ್ಟಿಯಾಗದ ಚಳಿಗಾಲದ್ದೇ ಇರಲಿ.

ಮನೆ

ಅಕ್ಟೋಬರ್ 1ರಿಂದ ಮೇ 1ರ ತನಕ ಬಾಡಿಗೆ ಮನೆಯಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 11ರ ತನಕ 68 ಡಿಗ್ರಿ, ರಾತ್ರಿ 65 ಇರಬೇಕು ಅಂತ ನ್ಯೂಜೆರ್ಸಿ ನಿಯಮ. ಹೀಟಿಂಗ್ ಮಾಲೀಕನ ಕೈಯಲ್ಲಿದ್ದರೆ ಕೇಳಿ. "ಹೇಗೋ ಸಹಿಸಿಕೊಂಡೆವು" ಅಂತ ಮಾರ್ಚ್‌ನಲ್ಲಿ ಬಂದು ನಮ್ಮ ಹತ್ತಿರ ಅಳುವ ಅಭ್ಯಾಸ ನಮ್ಮವರಿಗೆ. ಕಾಲುದಾರಿಯ ಸ್ನೋ ಯಾರು, ಎಷ್ಟು ಗಂಟೆಯೊಳಗೆ ತೆಗೆಯಬೇಕು ಅನ್ನುವುದು ಊರಿಗೊಂದು ಥರ. ಕರಾರು ಓದಿ ಅಂದದ್ದು ಅದಕ್ಕೇ.

ಸ್ಕೂಲು

ರಜೆ, ತಡವಾಗಿ ಶುರು, ಬೇಗ ಬಿಡುವುದು: ಮೂರೂ ಬೇರೆ. ಮೆಸೇಜ್ ಬೆಳಿಗ್ಗೆ ಐದಕ್ಕೂ ಬರಬಹುದು.

ಎಲ್ಲಿಯ ತನಕ

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುವುದು ನಮ್ಮೂರಲ್ಲಿ. ಅಲ್ಲಿ 2011ರಲ್ಲಿ ದೀಪಾವಳಿ ವಾರದಲ್ಲೇ, ಅಕ್ಟೋಬರ್ 29ಕ್ಕೆ, ಎಲೆ ಇನ್ನೂ ಉದುರದ ಮರಗಳ ಮೇಲೆ ಸ್ನೋ ಬಿದ್ದು ಕೊಂಬೆ ಮುರಿದು ದಿನಗಟ್ಟಲೆ ಕರೆಂಟ್ ಇರಲಿಲ್ಲ. 2018ರಲ್ಲಿ ಯುಗಾದಿ ಮುಗಿದು ಎರಡು ವಾರ ಆದ ಮೇಲೆ, ಏಪ್ರಿಲ್ 2ಕ್ಕೆ, ಸೆಂಟ್ರಲ್ ಪಾರ್ಕ್‌ನಲ್ಲಿ 5.5 ಇಂಚು. ಒಬ್ಬಟ್ಟಿನ ಪಾತ್ರೆ ಒಳಗಿಟ್ಟ ಮೇಲೂ ಬೂಟು ಬಾಗಿಲ ಹತ್ತಿರವೇ ಇರಲಿ.