ಅರವತ್ತು ದಾಟಿದ ಮೇಲೆ ಮೊದಲ ಸೆಕ್ಷನ್ ಹೈಕ್: ಹೊರಡುವ ಮುಂಚೆ ಏನೇನು ಮಾಡಬೇಕು

"ಅಮ್ಮಾ, ಐದು ದಿನ, ಬೆನ್ನ ಮೇಲೆ ಹೊರೆ, ರಾತ್ರಿ ಕಾಡಲ್ಲಿ ನಿದ್ದೆ. ನಿಂಗೆ ಬೇಕಾ ಇದೆಲ್ಲ?" ಅಂತ ಮಗಳು ಕೇಳಿದಾಗ ನನಗೆ 63 ವರ್ಷ. ಬೇಕು ಅಂತ ಗಟ್ಟಿಯಾಗಿ ಅನಿಸಿತ್ತು. ಹೇಗೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ. ಅವಳ ಮನೆ ಇರುವುದು ಅಮೆರಿಕದ ವರ್ಜೀನಿಯಾದಲ್ಲಿ. ಅಲ್ಲಿಂದ ಕಾರಿನಲ್ಲಿ ಹೊರಟರೆ ಮಧ್ಯಾಹ್ನದ ಊಟದೊಳಗೆ ಅಪಲಾಚಿಯನ್ ಟ್ರೇಲ್ ಮೇಲೆ ಕಾಲಿಡಬಹುದು.

ಇದು ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್ ಬೆಟ್ಟದವರೆಗೆ ಹೋಗುವ ಕಾಲುದಾರಿ. 14 ರಾಜ್ಯ, 2,190 ಮೈಲಿಗೂ ಜಾಸ್ತಿ. ಪೂರ್ತಿ ಒಂದೇ ಸಲಕ್ಕೆ ನಡೆಯುವವರಿಗೆ ಐದಾರು ತಿಂಗಳು ಬೇಕು. ಉಳಿದವರು ಈ ವರ್ಷ ಒಂದು ತುಂಡು, ಮುಂದಿನ ವರ್ಷ ಇನ್ನೊಂದು ತುಂಡು ಅಂತ ನಡೆಯುತ್ತಾರೆ. ಅದೇ ಸೆಕ್ಷನ್ ಹೈಕ್. ಎಮ್ಮಾ ಗೇಟ್‌ವುಡ್ ಅನ್ನುವ ಅಜ್ಜಿ 1955ರಲ್ಲಿ, 67ನೇ ವಯಸ್ಸಲ್ಲಿ, ಕ್ಯಾನ್ವಾಸ್ ಶೂ ಹಾಕಿಕೊಂಡು ಇಡೀ ದಾರಿಯನ್ನು ಒಬ್ಬರೇ ನಡೆದರು. ಈ ಕತೆ ಎಲ್ಲರೂ ಹೇಳುತ್ತಾರೆ. ಹಿಂದಿನ ವರ್ಷವೇ ಅವರು ಒಮ್ಮೆ ಹೊರಟು, ಮೇನ್‌ನಲ್ಲಿ ದಾರಿ ತಪ್ಪಿ, ಕನ್ನಡಕ ಒಡೆದುಕೊಂಡು ವಾಪಸ್ ಬಂದಿದ್ದರು ಅನ್ನುವುದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಆ ಹಿಂದಿನ ವರ್ಷದ ಕತೆ.

ಮೊದಲು ಹೊರಬರುವ ದಾರಿ ನೋಡಿ

ಯಾವ ತುಂಡು ಚೆಂದ ಅಂತ ಹುಡುಕಬೇಡಿ. ಯಾವ ತುಂಡಿನಲ್ಲಿ ನಡುವೆಯೇ ಬಿಟ್ಟು ಬರಲು ಸುಲಭ ಅಂತ ಹುಡುಕಿ. ಮಂಡಿ ಕೈಕೊಟ್ಟರೆ, ಮಳೆ ಹಿಡಿದುಕೊಂಡರೆ, ಸುಮ್ನೆ ಸಾಕು ಅನಿಸಿದರೂ ಒಂದೆರಡು ಗಂಟೆಯಲ್ಲಿ ರಸ್ತೆ ಸಿಗಬೇಕು. ಆ ಧೈರ್ಯ ಇದ್ದರೆ ಕಾಲು ತಾನಾಗಿ ಮುಂದೆ ಹೋಗುತ್ತದೆ.

ಈ ಲೆಕ್ಕಕ್ಕೆ ವರ್ಜೀನಿಯಾದಲ್ಲೇ ಇರುವ ಶೆನಾಂಡೋವಾ ನ್ಯಾಷನಲ್ ಪಾರ್ಕ್‌ನಷ್ಟು ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಇಲ್ಲಿ ಟ್ರೇಲ್ ಸುಮಾರು ನೂರು ಮೈಲಿ ಇದೆ, ಪಕ್ಕದಲ್ಲೇ 105 ಮೈಲಿಯ ಸ್ಕೈಲೈನ್ ಡ್ರೈವ್ ಅನ್ನುವ ಡಾಂಬರು ರಸ್ತೆ. ಎರಡೂ 28 ಕಡೆ ಒಂದನ್ನೊಂದು ದಾಟುತ್ತವೆ. ನಾನು ಆರಿಸಿಕೊಂಡದ್ದು ನಡುಭಾಗ, ಥಾರ್ನ್‌ಟನ್ ಗ್ಯಾಪ್‌ನಿಂದ ಸ್ವಿಫ್ಟ್ ರನ್ ಗ್ಯಾಪ್‌ವರೆಗೆ, ಸುಮಾರು 34 ಮೈಲಿ. ದಾರಿಯಲ್ಲಿ ಸ್ಕೈಲ್ಯಾಂಡ್, ಬಿಗ್ ಮೆಡೋಸ್, ಲೂಯಿಸ್ ಮೌಂಟನ್ ಸಿಗುತ್ತವೆ. ಅಲ್ಲಿ ಅಂಗಡಿ ಇದೆ, ಊಟ ಇದೆ, ದುಡ್ಡು ಕೊಟ್ಟರೆ ಹಾಸಿಗೆಯೂ ಇದೆ. ಇದನ್ನು ಮೋಸ ಅಂತ ಹೇಳುವ ಗಟ್ಟಿಗರು ಇದ್ದಾರೆ, ಹೇಳಿಕೊಳ್ಳಲಿ ಬಿಡಿ. ಚಳಿಗಾಲದಲ್ಲಿ ಇವೆಲ್ಲ ಮುಚ್ಚಿರುತ್ತವೆ, ಹಾಗಾಗಿ ತೆರೆದಿರುವ ತಾರೀಖು ನೋಡಿಕೊಂಡೇ ದಿನ ಗೊತ್ತು ಮಾಡಿ. ಮೇ ಕೊನೆ ಅಥವಾ ಸೆಪ್ಟೆಂಬರ್ ನಮ್ಮ ವಯಸ್ಸಿಗೆ ಹಿತ.

ಕಾಡಿನಲ್ಲಿ ಟೆಂಟ್ ಹಾಕಲು ಪಾರ್ಕಿನ ಪರ್ಮಿಟ್ ಬೇಕು. 62 ದಾಟಿದ, ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರುವವರಿಗೆ ಸೀನಿಯರ್ ಪಾಸ್ ಸಿಗುತ್ತದೆ, ಪ್ರವೇಶ ಶುಲ್ಕ ಉಳಿಯುತ್ತದೆ. ಮಗನ ಮನೆಗೆ ವಿಸಿಟರ್ ವೀಸಾದಲ್ಲಿ ಬಂದವರಿಗೆ ಇದು ಇಲ್ಲ.

ನಿಮ್ಮ ಗಡಿಯಾರ, ನಿಮ್ಮ ಮೈಲಿ

ಹುಡುಗರು ದಿನಕ್ಕೆ ಹದಿನೈದು ಮೈಲಿ ಅನ್ನುತ್ತಾರೆ. ಕೇಳಿಸಿಕೊಳ್ಳಬೇಡಿ. ನನ್ನ ಲೆಕ್ಕ ಹೀಗೆ: ಹೊರೆ ಹೊತ್ತು ಗಂಟೆಗೆ ಒಂದೂವರೆ ಮೈಲಿ, ಜೊತೆಗೆ ಪ್ರತಿ 1,000 ಅಡಿ ಏರಿಗೆ ಇನ್ನೊಂದು ಗಂಟೆ. ಎಂಟು ಮೈಲಿ, 1,500 ಅಡಿ ಏರು ಅಂದರೆ ಹೆಚ್ಚುಕಮ್ಮಿ ಏಳು ಗಂಟೆ. ಎಂಟಕ್ಕೆ ಹೊರಟರೆ ಮೂರಕ್ಕೆ ತಲುಪುತ್ತೀರಿ, ಟೆಂಟ್ ಹಾಕಲು ಬೆಳಕು ಇರುತ್ತದೆ. ಮೊದಲ ದಿನ ಇನ್ನೂ ಕಡಿಮೆ ಇಟ್ಟುಕೊಳ್ಳಿ. ಥಾರ್ನ್‌ಟನ್ ಗ್ಯಾಪ್‌ನಿಂದ ಮೇರೀಸ್ ರಾಕ್ ಕಡೆಗೆ ಶುರುವಿನಲ್ಲೇ ಸುಮಾರು 1,200 ಅಡಿ ಏರು. ಚೀಲದಲ್ಲಿ ಐದು ದಿನದ ಅಕ್ಕಿ ಬೇಳೆ ತುಂಬಿರುವ ದಿನವೇ ಅದು ಎದುರಾಗುತ್ತದೆ. ನನ್ನ ಜೊತೆ ಬಂದಿದ್ದ ಹುಬ್ಬಳ್ಳಿ ಕಡೆಯ ಗೆಳತಿ ಪ್ರತಿ ತಿರುವಿನಲ್ಲೂ ಕೋಲೂರಿ ನಿಂತು "ಏನ್ರೀ, ಇನ್ನೂ ಎಷ್ಟ್ ಏರೋದೈತ್ರಿ?" ಅಂತ ಕೇಳುತ್ತಿದ್ದರು. ಆ ದಿನ ನಾವು ನಡೆದದ್ದು ನಾಲ್ಕು ಮೈಲಿಯೂ ಅಲ್ಲ, ಬರ್ಡ್ಸ್ ನೆಸ್ಟ್ 3 ಅನ್ನುವ ಹಟ್‌ವರೆಗೆ ಅಷ್ಟೆ. ಹಟ್ ಅಂದರೆ ಮೂರು ಗೋಡೆ, ಒಂದು ಸೂರು, ಒಂದು ಕಡೆ ಪೂರ್ತಿ ಬಯಲು.

ಇಳಿಯುವುದನ್ನು ಕಲಿಯಿರಿ

ತಯಾರಿಗೆ ಮೂರು ತಿಂಗಳಾದರೂ ಬೇಕು. ಮೊದಲು ಡಾಕ್ಟರ ಹತ್ತಿರ ಹೋಗಿ. "ಚೆಕಪ್ ಮಾಡಿ" ಅಂತ ಸುಮ್ನೆ ಕೂರಬೇಡಿ. ದಿನಕ್ಕೆ ಏಳು ಗಂಟೆ, ಇಷ್ಟು ಕಿಲೋ ಹೊತ್ತು ನಡೆಯುತ್ತೇನೆ ಅಂತ ಬಿಡಿಸಿ ಹೇಳಿ. ಬಿಪಿ ಮಾತ್ರೆ, ಅದರಲ್ಲೂ ಮೂತ್ರ ಜಾಸ್ತಿ ಮಾಡಿಸುವಂಥದ್ದು, ಸಕ್ಕರೆ ಇಳಿಸುವ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಆ ದಿನಗಳಲ್ಲಿ ಏನು ಮಾಡಬೇಕು ಅಂತ ಕೇಳಿಕೊಳ್ಳಿ. ಮೂಳೆ ಸಾಂದ್ರತೆ ನೋಡಿಸಿ ಎಷ್ಟೋ ವರ್ಷ ಆಗಿದ್ದರೆ ಅದನ್ನೂ ಕೇಳಿ. ಹಳೇ ಕನ್ನಡಕ ಒಂದು ಚೀಲಕ್ಕೆ ಬೀಳಲಿ, ಗೇಟ್‌ವುಡ್ ಅಜ್ಜಿಯನ್ನು ನೆನೆದುಕೊಂಡು.

ವಾಕಿಂಗ್ ನಾವೆಲ್ಲ ಮಾಡುತ್ತೇವೆ, ಅಲ್ವಾ? ಪಾರ್ಕಿನ ಸಪಾಟು ದಾರಿಯಲ್ಲಿ ಐದು ಮೈಲಿ ನಡೆದರೂ ಬೆಟ್ಟಕ್ಕೆ ಅದು ಸಾಲದು. ಏರುವಾಗ ಉಬ್ಬಸ ಬರುತ್ತದೆ, ನಿಂತರೆ ಹೋಗುತ್ತದೆ. ಮಂಡಿ ತಿನ್ನುವುದು ಇಳಿಜಾರು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಿಡಿಯಬೇಕು, ಅದಕ್ಕೇ ಮಾರನೇ ದಿನ ಅಷ್ಟು ನೋವು. ಮನೆಯ ಮೆಟ್ಟಿಲಲ್ಲಿ ಎಲ್ಲಕ್ಕಿಂತ ಕೆಳಗಿನದರ ಮೇಲೆ ಕಂಬಿ ಹಿಡಿದು ನಿಲ್ಲಿ. ಒಂದು ಕಾಲಿನ ಮೇಲೆ ಭಾರ ಬಿಟ್ಟು, ಇನ್ನೊಂದು ಹಿಮ್ಮಡಿಯನ್ನು ನಾಲ್ಕು ಎಣಿಸುತ್ತ ನಿಧಾನ ಕೆಳಗೆ ತನ್ನಿ, ನೆಲ ತಾಗಿಸಿ ಮೇಲೆ ಬನ್ನಿ. ಎರಡೂ ಕಾಲಿಗೆ ಹತ್ತತ್ತು ಸಲ, ದಿನ ಬಿಟ್ಟು ದಿನ. ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲುವುದು, ಕೈ ಊರದೆ ಕುರ್ಚಿಯಿಂದ ಏಳುವುದು, ಇವೂ ಬೇಕು. ಎರಡು ಟ್ರೆಕ್ಕಿಂಗ್ ಕೋಲು ತಗೊಳ್ಳಲೇಬೇಕು. ನಾಚಿಕೊಂಡು ಒಂದೇ ತಗೊಳ್ಳಬೇಡಿ.

ಆಮೇಲೆ ಚೀಲ ಹೊತ್ತು ನಡೆಯಿರಿ. ಮೊದಲ ವಾರ ಎರಡು ಕಿಲೋ, ಮುಂದೆ ಸ್ವಲ್ಪ ಸ್ವಲ್ಪ. ನಾನು ಸೋನಾ ಮಸೂರಿ ಅಕ್ಕಿಯ ಪೊಟ್ಟಣಗಳನ್ನೇ ತುಂಬಿಕೊಂಡು ಹೋಗುತ್ತಿದ್ದೆ.

ಶೂ, ಕಾಲುಂಗುರ

ಶೂ ಸಂಜೆ ಹೊತ್ತು ಕೊಳ್ಳಿ, ಪಾದ ಊದಿರುವಾಗ. ಅರ್ಧ ಸೈಜ್‌ನಿಂದ ಒಂದು ಸೈಜ್ ದೊಡ್ಡದು ಇರಲಿ. ಭಾರದ ಚರ್ಮದ ಬೂಟು ಬೇಕೆಂದಿಲ್ಲ, ಹಗುರ ಟ್ರೇಲ್ ಶೂ ಸಾಕು. ಅಂಗಡಿಯ ಹುಡುಗ "ಇದು ಹಾಕಿ ಹಾಕಿ ಸರಿಹೋಗುತ್ತೆ ಮೇಡಂ" ಅಂದರೆ ಎದ್ದು ಬನ್ನಿ, ನನ್ನ ಮೊದಲ ಜೋಡಿ ಹಾಗೇ ದಂಡ ಆಯಿತು.

ಇನ್ನೊಂದು ಸಂಗತಿ, ಇದನ್ನು ಇಲ್ಲಿನ ಯಾವ ಹೈಕಿಂಗ್ ಪುಸ್ತಕವೂ ಹೇಳಲ್ಲ. ಕಾಲುಂಗುರ. ಅಭ್ಯಾಸದ ನಡಿಗೆಯಲ್ಲಿ ಆರನೇ ಮೈಲಿಗೆ ಎರಡನೇ ಬೆರಳು ಉರಿಯತೊಡಗಿತು. ಕಾಲುಚೀಲ ತೆಗೆದು ನೋಡಿದರೆ ಬೆರಳು ಊದಿ ಉಂಗುರ ಅದರೊಳಗೆ ಹೂತುಹೋದ ಹಾಗೆ, ಪಕ್ಕದ ಬೆರಳಿನ ಮೇಲೆ ಕಡಲೆಕಾಳಿನಷ್ಟು ಬೊಬ್ಬೆ. ತಣ್ಣೀರಲ್ಲಿ ಕಾಲಿಟ್ಟು, ಸೋಪು ಹಚ್ಚಿ, ತಿರುಗಿಸಿ ತಿರುಗಿಸಿ ತೆಗೆಯಲು ಅರ್ಧ ಗಂಟೆ ಹಿಡಿಯಿತು. ಮದುವೆಯಾದ ಮೇಲೆ ಮೊದಲ ಸಲ ತೆಗೆದದ್ದು. ಬೆರಳಿನ ಸುತ್ತ ಬೆಳ್ಳಗೆ ಒಂದು ಗೆರೆ. ಸ್ವಲ್ಪ ಹೊತ್ತು ಹೇಗೋ ಆಯಿತು, ನಿಜ. ಬೆಂಗಳೂರಿಗೆ ಫೋನ್ ಮಾಡಿ ನಮ್ಮನೆಯವರಿಗೆ ಹೇಳಿದರೆ "ನಾನು ಇಷ್ಟು ವರ್ಷ ಏನೂ ಹಾಕಿಲ್ವಲ್ಲ, ಬಿಡು" ಅಂದರು. ಹೊರಡುವ ಒಂದು ವಾರ ಮುಂಚೆಯೇ ತೆಗೆದಿಡಿ. ಉಗುರು ನೇರವಾಗಿ ಕತ್ತರಿಸಿ. ಎಲ್ಲಾದರೂ ಬಿಸಿ ಅನಿಸಿದ ಕೂಡಲೇ ನಿಂತು ಟೇಪ್ ಅಂಟಿಸಿ, ಮುಂದಿನ ತಿರುವಲ್ಲಿ ನೋಡೋಣ ಅನ್ನಬೇಡಿ.

ಚೀಲ, ಊಟ

ನೀರು ಆಹಾರ ಎಲ್ಲ ಸೇರಿ ನಿಮ್ಮ ತೂಕದ ಐದನೇ ಒಂದು ಭಾಗ ದಾಟಬಾರದು ಅನ್ನುವುದು ಸಾಮಾನ್ಯ ಲೆಕ್ಕ. ನಮ್ಮ ವಯಸ್ಸಿಗೆ ಅದೂ ಜಾಸ್ತಿ. 58 ಕಿಲೋದ ನಾನು ಒಂಬತ್ತರೊಳಗೆ ನಿಲ್ಲಿಸಿದೆ. ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ. ಒಂದು ಲೀಟರ್ ನೀರೇ ಒಂದು ಕಿಲೋ. ಚೀಲದ ಬೆಲ್ಟ್ ಸೊಂಟದ ಮೂಳೆಯ ಮೇಲೆ ಕೂರಬೇಕು, ಭಾರ ಹೆಗಲಿಗಲ್ಲ. ಬಾವಿಯಿಂದ ಸೊಂಟದ ಮೇಲೆ ಕೊಡ ಹೊತ್ತು ತಂದವರಿಗೆ ಇದು ಒಂದೇ ಮಾತಲ್ಲಿ ಅರ್ಥ ಆಗುತ್ತದೆ. ಹತ್ತಿ ಬಟ್ಟೆ ಬೇಡ, ಒದ್ದೆಯಾದರೆ ಒಣಗಲ್ಲ, ಮೈ ಕೊರೆಯುತ್ತದೆ. ಬೆಟ್ಟದ ಮೇಲೆ ಕೆಳಗಿಗಿಂತ ಸುಮಾರು 10 ಡಿಗ್ರಿ ಫ್ಯಾರನ್‌ಹೀಟ್ ತಂಪು ಇರುತ್ತದೆ.

ಊಟದಲ್ಲಿ ನಾವೇ ಗೆದ್ದವರು. ಹುರಿದ ರವೆಗೆ ಒಗ್ಗರಣೆ ಬೆರೆಸಿ ಒಣಗಿಸಿದ ಉಪ್ಪಿಟ್ಟಿನ ಪುಡಿ, ಹುಣಸೆಪುಡಿ ಬೆಲ್ಲ ಸೇರಿಸಿದ ಗೊಜ್ಜವಲಕ್ಕಿ, ಹುರಿಹಿಟ್ಟು, ಶೇಂಗಾ ಚಿಕ್ಕಿ, ಚಟ್ನಿಪುಡಿ. ಬಿಸಿನೀರು ಹಾಕಿ ಮುಚ್ಚಿಟ್ಟರೆ ಮುಗಿಯಿತು. ಗೊಜ್ಜವಲಕ್ಕಿಗೆ ಬಿಸಿನೀರೂ ಬೇಡ. ದಿನಕ್ಕೆ ಮುಕ್ಕಾಲು ಕಿಲೋ ಆಹಾರ ಸಾಕು. ಊರಿನ ಮೆಣಸಿನಕಾಯಿ ಉಪ್ಪಿನಕಾಯಿ ಸೀಸೆ ಮಾತ್ರ ಮನೆಯಲ್ಲೇ ಇರಲಿ. ಯಾಕೆ ಅಂತ ಗೆಳತಿಯ ಚೀಲವನ್ನು ಕೇಳಬೇಕು.

ನೀರು ಕುಡಿಯಿರಿ, ಕುಕ್ಕರುಗಾಲಲ್ಲಿ ಕೂರಿ

ಮೂತ್ರಕ್ಕೆ ಪದೇ ಪದೇ ಹೋಗಬೇಕಾಗುತ್ತದೆ ಅಂತ ನೀರು ಕಡಿಮೆ ಕುಡಿಯುವ ಹೆಂಗಸರನ್ನು ಬಸ್ಸಿನಲ್ಲೂ ನೋಡಿದ್ದೇನೆ, ಬೆಟ್ಟದಲ್ಲೂ. ತಲೆ ಸುತ್ತಿ ಬೀಳುವುದು ಹೀಗೇ. ಕುಡಿಯಿರಿ, ನಾಚಿಕೆ ಬಿಟ್ಟು ಮರದ ಮರೆಗೆ ಹೋಗಿ. ರಾತ್ರಿ ಎರಡು ಸಲ ಏಳುವವರು ಹೆಡ್‌ಲ್ಯಾಂಪ್ ಕುತ್ತಿಗೆಗೇ ಹಾಕಿಕೊಂಡು ಮಲಗಿ. ಹಟ್‌ಗಳ ಹತ್ತಿರ ಕಕ್ಕಸು ಇರುತ್ತದೆ. ಬೇರೆ ಕಡೆ ನೀರಿನಿಂದ, ದಾರಿಯಿಂದ 200 ಅಡಿ ದೂರ ಹೋಗಿ ಆರೆಂಟು ಇಂಚು ಗುಂಡಿ ತೋಡಬೇಕು. ಮಂಡಿ ಮಡಚಿ ಕೂರುವ ಅಭ್ಯಾಸ ತಪ್ಪಿದ್ದರೆ ಈಗಿಂದಲೇ ಶುರು ಮಾಡಿ. ಚೊಂಬಿನ ಬದಲು ಮುಚ್ಚಳಕ್ಕೆ ತೂತಿರುವ ಸಣ್ಣ ಬಾಟಲಿ ಸಾಕು. ಕೈಗೆ ಸೋಪೇ ಬೇಕು, ಇಲ್ಲಿ ಹರಡುವ, ವಾಂತಿಭೇದಿ ತರುವ ನೋರೋವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ. ಊಟೆ ನೀರು ಎಷ್ಟೇ ತಿಳಿಯಾಗಿದ್ದರೂ ಫಿಲ್ಟರ್ ಮಾಡಿ.

ಉಣುಗು ಮತ್ತು ಕರಡಿ

ಎಲ್ಲರೂ ಕರಡಿಗೆ ಹೆದರುತ್ತಾರೆ. ನಾನು ಸಾಗರದ ಕಡೆಯವಳು, ಉಣುಗಿಗೇ ಹೆದರುವುದು. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಕಡೆ. ಕಾಡಿಗೆ ಹೋಗುವವರು ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿಕೊಳ್ಳುವುದು ಅಲ್ಲಿ ಗೊತ್ತಿರುವ ವಿಷಯ. ಇಲ್ಲಿ ಉಣುಗಿನಿಂದ ಬರುವುದು ಲೈಮ್ ಕಾಯಿಲೆ. ಪರ್ಮೆತ್ರಿನ್ ಅನ್ನುವ ಔಷಧವನ್ನು ಬಟ್ಟೆಗೆ, ಶೂಗೆ ಸಿಂಪಡಿಸಿ ಪೂರ್ತಿ ಒಣಗಿಸಿ ಹಾಕಿಕೊಳ್ಳಿ, ಚರ್ಮಕ್ಕೆ ಹಚ್ಚಬಾರದು. ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಸಂಜೆ ಮಂಡಿ ಹಿಂಭಾಗ, ಕಂಕುಳು, ಸೊಂಟದ ಪಟ್ಟಿ, ಜಡೆಯ ಬುಡ ನೋಡಿಕೊಳ್ಳಿ. ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ಹತ್ತಿಸಿ ಹಿಡಿದು ನೇರ ಎಳೆಯಿರಿ. ಆಮೇಲೆ ಜ್ವರ ಬಂದರೆ, ಕೆಂಪು ವೃತ್ತ ಅಗಲವಾಗುತ್ತಾ ಹೋದರೆ ಡಾಕ್ಟರ್.

ಕರಡಿಯ ವಿಷಯದಲ್ಲಿ ನಿಯಮ ಒಂದೇ, ವಾಸನೆ ಬರುವ ಯಾವುದೂ ಟೆಂಟ್‌ನೊಳಗೆ ಬೇಡ. ತಿಂಡಿ ಅಷ್ಟೇ ಅಲ್ಲ. ಪೇಸ್ಟ್, ಕೊಬ್ಬರಿ ಎಣ್ಣೆ, ಅಮೃತಾಂಜನವೂ ಹೊರಗೆ. ಹಟ್‌ಗಳ ಹತ್ತಿರ ಚೀಲ ನೇತುಹಾಕಲು ಕಬ್ಬಿಣದ ಕಂಬ ಇರುತ್ತದೆ. ಉದ್ದ ಕೋಲಿನಿಂದ ಚೀಲವನ್ನು ಮೇಲಿನ ಕೊಕ್ಕೆಗೆ ಸಿಕ್ಕಿಸುವಷ್ಟರಲ್ಲಿ ತೋಳು ಸೋತು ಹೋಗುತ್ತದೆ, ಇಬ್ಬರಿದ್ದರೆ ಸುಲಭ.

ಹೊರಡುವ ಹಿಂದಿನ ವಾರ

ಒಂದು ರಾತ್ರಿ ಮನೆ ಹಿತ್ತಿಲಲ್ಲಿ ಟೆಂಟ್ ಹಾಕಿ ಮಲಗಿ, ಸಾಧ್ಯವಾದರೆ ಮಳೆಯಲ್ಲಿ. ಬೆಳಿಗ್ಗೆ ಎದ್ದು ಬಳಸದೇ ಇದ್ದದ್ದನ್ನೆಲ್ಲ ತೆಗೆದಿಡಿ, ಔಷಧ ಮತ್ತು ಮಳೆಕೋಟು ಬಿಟ್ಟು. ಮರದ ಮೇಲಿನ ಬಿಳಿ ಪಟ್ಟೆ ಟ್ರೇಲ್‌ನ ಗುರುತು, ನೀಲಿ ಪಟ್ಟೆ ಪಕ್ಕದ ದಾರಿ, ಎರಡು ಬಿಳಿ ಪಟ್ಟೆ ಒಂದರ ಮೇಲೊಂದು ಇದ್ದರೆ ಮುಂದೆ ತಿರುವು ಇದೆ ಅಂತ. ಫೋನಿನಲ್ಲಿ ಮ್ಯಾಪ್ ಇದ್ದರೂ ಕಾಗದದ್ದು ಒಂದಿರಲಿ, ಸಿಗ್ನಲ್ ಎಷ್ಟೋ ಕಡೆ ಸಿಗಲ್ಲ. ಯಾವ ರಾತ್ರಿ ಎಲ್ಲಿ, ಯಾವ ಹೊತ್ತಿನೊಳಗೆ ಸುದ್ದಿ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತ ಬರೆದು ಮನೆಯವರ ಕೈಗೆ ಕೊಡಿ. ದಾರಿಯಲ್ಲಿ ಸಿಕ್ಕ ಅಪರಿಚಿತರಿಗೆ ಮಾತ್ರ ಇವತ್ತು ಎಲ್ಲಿ ಮಲಗುತ್ತೇವೆ ಅಂತ ಹೇಳುವುದು ಬೇಡ.

ನಡಿಗೆ ಮುಗಿಸುವ ಜಾಗದಲ್ಲಿ ಕಾರು ನಿಲ್ಲಿಸಿ, ಅಲ್ಲಿಂದ ಬಾಡಿಗೆ ಗಾಡಿಯಲ್ಲಿ ಶುರುವಿನ ಜಾಗಕ್ಕೆ ಹೋಗಿ. ಆಗ ನೀವು ನಡೆಯುವುದು ನಿಮ್ಮ ಕಾರಿನ ಕಡೆಗೆ, ಕೊನೆಗೆ ಯಾರಿಗೂ ಕಾಯಬೇಕಾಗಿಲ್ಲ. ಕೀಯನ್ನು ಚೀಲದೊಳಗಿನ ಕ್ಲಿಪ್ಪಿಗೇ ಸಿಕ್ಕಿಸಿ. ಐದನೇ ದಿನ ಸ್ವಿಫ್ಟ್ ರನ್ ಗ್ಯಾಪ್‌ನಲ್ಲಿ ಕಾರಿನ ಮುಂದೆ ಇಡೀ ಚೀಲ ಸುರುವಿಕೊಂಡು, ಕೊನೆಗೆ ಚಟ್ನಿಪುಡಿ ಪೊಟ್ಟಣದ ಜೊತೆ ಕೀ ಹುಡುಕಿ ತೆಗೆದವಳು ನಾನು.