ಗುಡ್ಡದ ಗಾಲ್ಫ್ ಕೋರ್ಸ್‌ನಲ್ಲಿ ದೂರ ಬಿಟ್ಟು ಸಮತಟ್ಟು ಹಿಡಿದೆ: ನನ್ನ ಅನುಭವ

ಪಾರ್ 4ರ (ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್) ಟೀ ಮೇಲೆ, ಅಂದರೆ ಮೊದಲ ಹೊಡೆತದ ಜಾಗದಲ್ಲಿ, ಅತಿ ದೂರ ಹೊಡೆಯುವ ಡ್ರೈವರ್ ಬ್ಯಾಗಲ್ಲೇ ಬಿಟ್ಟು ಅದಕ್ಕಿಂತ ಕಡಿಮೆ ದೂರದ 5 ಐರನ್ ಕ್ಲಬ್ ತೆಗೆದರೆ ಜೊತೆಯವರು ನಗುತ್ತಿದ್ದರು. ಗ್ರೀನ್‌ಗೆ (ಕುಳಿ ಇರುವ ನುಣುಪು ಹುಲ್ಲಿನ ಜಾಗ) ಹತ್ತಿರ ಹೋದಷ್ಟೂ ಸ್ಕೋರ್, ಅಂದರೆ ಹೊಡೆತಗಳ ಎಣಿಕೆ, ಇಳಿಯುತ್ತದೆ ಎಂಬುದು ಅವರ ವಾದ. ಅದು ಸುಳ್ಳಲ್ಲ. ಅಮೆರಿಕದ ವೃತ್ತಿಪರ ಪಿಜಿಎ ಟೂರ್ ಆಟಗಾರ ಫೇರ್‌ವೇಯಲ್ಲಿ (ಟೀಗೂ ಗ್ರೀನ್‌ಗೂ ನಡುವೆ ಹುಲ್ಲು ಕತ್ತರಿಸಿದ ದಾರಿ) 100 ಯಾರ್ಡ್‌ನಿಂದ ಸರಾಸರಿ 2.8 ಹೊಡೆತದಲ್ಲಿ ಹೋಲ್ ಮುಗಿಸುತ್ತಾನೆ, 140ರಿಂದ ಹೆಚ್ಚುಕಡಿಮೆ 2.9. ಅಂದರೆ 40 ಯಾರ್ಡ್ ಮುಂದೆ ಹೋಗಿದ್ದಕ್ಕೆ ಸಿಕ್ಕಿದ್ದು ಹೊಡೆತದ ಹತ್ತನೇ ಒಂದು ಪಾಲು. ನಮ್ಮ ಮಟ್ಟಕ್ಕೆ ಅದನ್ನು ಕಾಲು ಹೊಡೆತ ಅಂತಲೇ ಇಟ್ಟುಕೊಳ್ಳೋಣ. ಆದರೆ ಆ 100 ಯಾರ್ಡ್ ಜಾಗದಲ್ಲಿ ನೆಲ 6 ಡಿಗ್ರಿ ವಾಲಿದ್ದು, ಚೆಂಡು ಪಾದಕ್ಕಿಂತ ಕೆಳಗಿದ್ದರೆ? ಕಾಲು ಹೊಡೆತದ ಲಾಭಕ್ಕೆ ಅರ್ಧ ಹೊಡೆತ ತೆತ್ತ ಹಾಗೆ. ನನ್ನ ಲೆಕ್ಕ ಪೂರ್ತಿ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಹ್ಯಾಂಡಿಕ್ಯಾಪ್ (ಆಟದ ಮಟ್ಟದ ಅಂಕಿ, ಕಡಿಮೆಯಾದಷ್ಟೂ ಒಳ್ಳೆಯದು) 14ರ ಆಸುಪಾಸಿನಿಂದ 9ಕ್ಕೆ ಬಂದಿದೆ, ಸ್ವಿಂಗ್‌ನಲ್ಲಿ ಏನೂ ಬದಲಾಗಿಲ್ಲ. ನಗುತ್ತಿದ್ದವರಲ್ಲಿ ಇಬ್ಬರು ಈಗ ಲೆಕ್ಕ ಬರೆದಿಟ್ಟ ನನ್ನ ಕಾರ್ಡ್ ಕೇಳುತ್ತಾರೆ. ಕೊಡುವುದಿಲ್ಲ.

ಎತ್ತರದ ಲೆಕ್ಕದಲ್ಲೇ ಹೆಚ್ಚಿನವರು ಎಡವುವುದು. 3 ಅಡಿ ಏರಿಗೆ 1 ಯಾರ್ಡ್ ಸೇರಿಸು, ಇಳಿಜಾರಿಗೆ ಅಷ್ಟೇ ಕಳೆ ಅನ್ನುವ ಸೂತ್ರ ಎಲ್ಲರ ಬಾಯಲ್ಲೂ ಇದೆ. ಅದು ಒಂದು ಕ್ಲಬ್‌ಗೆ ಸರಿ ಬಂದರೆ ಇನ್ನೊಂದಕ್ಕೆ ಕೈಕೊಡುತ್ತದೆ. ಕಾರಣ ಚೆಂಡು ಇಳಿಯುವ ಕೋನ. ಟೂರ್ ಆಟಗಾರನ 7 ಐರನ್ ಸುಮಾರು 50 ಡಿಗ್ರಿಯಲ್ಲಿ ಇಳಿಯುತ್ತದೆ, ಡ್ರೈವರ್ 38ರ ಹತ್ತಿರ. ಎತ್ತರದ ವ್ಯತ್ಯಾಸವನ್ನು ಆ ಕೋನದ ಟ್ಯಾನ್‌ನಿಂದ ಭಾಗಿಸಿದರೆ ದೂರದ ವ್ಯತ್ಯಾಸ ಸಿಗುತ್ತದೆ. 30 ಅಡಿ, ಅಂದರೆ 10 ಯಾರ್ಡ್ ಏರು ಇದ್ದರೆ 7 ಐರನ್‌ಗೆ ಎಂಟೂವರೆ ಯಾರ್ಡ್, ಡ್ರೈವರ್‌ಗೆ 13. ನಮ್ಮ ವೇಗದಲ್ಲಿ ಚೆಂಡು ಇನ್ನೂ ಚಪ್ಪಟೆಯಾಗಿ ಇಳಿಯುತ್ತದೆ. ನನ್ನ 7 ಐರನ್ 45ಕ್ಕೆ ಇಳಿಯುತ್ತದೆ, ಹಾಗಾಗಿ ಅದಕ್ಕೆ ಸೂತ್ರ ಸರಿಯಾಗಿ ಕೂರುತ್ತದೆ. 5 ಐರನ್ 40ಕ್ಕೆ ಇಳಿಯುವುದರಿಂದ ಅದೇ 30 ಅಡಿಗೆ 12 ಯಾರ್ಡ್ ಬೇಕು. ಇನ್ನೂ ಕಡಿದಾಗಿ ಇಳಿಯುವ ಪಿಚಿಂಗ್ ವೆಡ್ಜ್‌ಗೆ (ಹತ್ತಿರದ ಹೊಡೆತದ ಕ್ಲಬ್) 8 ಸಾಕು. ಏರಿನಲ್ಲಿ ಚೆಂಡು ತನ್ನ ಪಥ ಮುಗಿಸುವ ಮೊದಲೇ ನೆಲ ತಾಕುವುದರಿಂದ ಕೋನ ಇನ್ನೂ ಕಡಿಮೆಯಾಗುತ್ತದೆ, ಆದ್ದರಿಂದ ಏರಿಗೆ ಒಂದೆರಡು ಯಾರ್ಡ್ ಹೆಚ್ಚು ಸೇರಿಸುತ್ತೇನೆ. ಇಳಿಜಾರಿನಲ್ಲಿ ಚೆಂಡು ಕಡಿದಾಗಿ ಬೀಳುತ್ತದೆ, ಅಲ್ಲಿ ಸ್ವಲ್ಪ ಕಡಿಮೆ ಕಳೆಯುತ್ತೇನೆ. ಎತ್ತರದ ಗ್ರೀನ್ ಮೇಲೆ ಚೆಂಡು ಹೆಚ್ಚು ಓಡುವುದು, ತಗ್ಗಿನ ಗ್ರೀನ್ ಮೇಲೆ ಬಿದ್ದಲ್ಲೇ ಕೂರುವುದು ಇದೇ ಕಾರಣಕ್ಕೆ.

ಇಷ್ಟು ಲೆಕ್ಕ ಹಾಕಬೇಕಾದರೆ ಎತ್ತರದ ಅಂಕಿ ನೆಟ್ಟಗಿರಬೇಕು. ಫೋನಿನ ಜಿಪಿಎಸ್ ಎತ್ತರ ನಂಬಲೇಬೇಡಿ, ನಿಂತಲ್ಲೇ 30 ಅಡಿ ಆಚೆ ಈಚೆ ಕುಣಿಯುತ್ತದೆ. ಗೂಗಲ್ ಅರ್ಥ್‌ನ ಎತ್ತರ ಗುಡ್ಡದ ಒಟ್ಟು ಆಕಾರಕ್ಕೆ ಸರಿ, ಆದರೆ ಮಣ್ಣು ಪೇರಿಸಿ ಕಟ್ಟಿದ ಗ್ರೀನ್, ಕಡಿದು ಮಾಡಿದ ಟೀ ಎರಡನ್ನೂ ನುಣ್ಣಗೆ ಸವರಿಬಿಡುತ್ತದೆ. ಕೊನೆಗೆ ಕೆಲಸಕ್ಕೆ ಬಂದಿದ್ದು ಫೋನಿನ ಬ್ಯಾರೋಮೀಟರ್. ಒತ್ತಡ 1 ಹೆಕ್ಟೋಪಾಸ್ಕಲ್ ಇಳಿದರೆ ಸಮುದ್ರಮಟ್ಟದಲ್ಲಿ ಸುಮಾರು 27 ಅಡಿ ಏರಿದಂತೆ, ಎತ್ತರದ ಪ್ರದೇಶದಲ್ಲಿ 30ರ ಹತ್ತಿರ. ದಶಮಾಂಶ ಒಂದರವರೆಗೆ ಓದಿದರೆ 3 ಅಡಿ ನಿಖರತೆ ಸಿಗುತ್ತದೆ. ತೊಂದರೆ ಏನೆಂದರೆ ಹವಾಮಾನದ ಜೊತೆ ಒತ್ತಡವೂ ಸರಿಯುತ್ತದೆ. ಬೆಳಿಗ್ಗೆ ಟೀಯಲ್ಲಿ ಓದಿ ಮಧ್ಯಾಹ್ನ ಗ್ರೀನ್‌ನಲ್ಲಿ ಓದಿದರೆ ಲೆಕ್ಕ ಪೂರ್ತಿ ಹಾಳು. ಟೀ, ಗ್ರೀನ್, ಮತ್ತೆ ಟೀ ಹೀಗೆ ಒಂದೇ ಸುತ್ತಲ್ಲಿ ಓದಿ, ಮೊದಲ ಮತ್ತು ಕೊನೆಯ ಓದಿನ ಸರಾಸರಿ ತೆಗೆದುಕೊಳ್ಳಬೇಕು. ಫೋನ್ ಜೇಬಿನಿಂದ ತೆಗೆದು ನೆರಳಲ್ಲಿ ಹಿಡಿದುಕೊಳ್ಳಿ, ಗಾಳಿ ನೇರ ಹೊಡೆದರೂ ಓದು ಅಲುಗುತ್ತದೆ.

ಸ್ಲೋಪ್ ಇರುವ, ಅಂದರೆ ಇಳಿಜಾರನ್ನೂ ಅಳೆಯುವ ಲೇಸರ್ ದೂರಮಾಪಕ ಇದ್ದರೆ ಇಷ್ಟೆಲ್ಲ ಬೇಕಿಲ್ಲ ಅನ್ನಬಹುದು. ಅದರ ಬೆಲೆಗೆ ಒಳ್ಳೆಯ ಟೂರ್ ಚೆಂಡು ಐದಾರು ಡಜನ್ ಬರುತ್ತದೆ. ನಾನು ಕೊಂಡೆ, ಆದರೆ ಅದು ತೋರಿಸುವ ‘ಪ್ಲೇಸ್ ಲೈಕ್’ (ಏರಿಳಿತ ಲೆಕ್ಕ ಹಾಕಿದ ದೂರ) ಅಂಕಿ ಯಾರದೋ ಸರಾಸರಿ ಪಥಕ್ಕೆ ಹೊಂದಿಸಿದ್ದು. ನಾನು ಅದರ ಡಿಗ್ರಿ ಮಾತ್ರ ಓದಿ ಎತ್ತರ ತೆಗೆಯುತ್ತೇನೆ. ಜೊತೆಗೆ ನಿಯಮ ನೆನಪಿರಲಿ. ಗಾಲ್ಫ್ ನಿಯಮ 4.3ರ ಪ್ರಕಾರ ಸುತ್ತಿನ ನಡುವೆ ದೂರ ಅಳೆಯಬಹುದು, ಎತ್ತರದ ವ್ಯತ್ಯಾಸ ಅಳೆಯುವಂತಿಲ್ಲ. ಸ್ಟ್ರೋಕ್ ಪ್ಲೇಯಲ್ಲಿ (ಒಟ್ಟು ಹೊಡೆತ ಎಣಿಸುವ ಆಟ) ಮೊದಲ ಸಲ ಎರಡು ಹೊಡೆತ ಪೆನಾಲ್ಟಿ, ಎರಡನೇ ಸಲ ಅನರ್ಹತೆ. ಬ್ಯಾರೋಮೀಟರ್‌ಗೂ ಇದೇ ಅನ್ವಯ. ಸುತ್ತಿಗೆ ಮೊದಲೇ ಅಳೆದು ಕಾಗದದಲ್ಲಿ ಬರೆದಿಟ್ಟ ಅಂಕಿಗೆ ಮಾತ್ರ ತಡೆ ಇಲ್ಲ. ಹಾಗಾಗಿ ಕೆಲಸ ಎಲ್ಲ ಪ್ರಾಕ್ಟೀಸ್ ಸುತ್ತಿನಲ್ಲೇ ಮುಗಿಯಬೇಕು.

ಈಗ ಸಮತಟ್ಟು ಹುಡುಕುವ ವಿಷಯ. ಕೋರ್ಸನ್ನು ಗ್ರೀನ್‌ನಿಂದ ಟೀ ಕಡೆಗೆ ನಡೆಯಿರಿ. ಟೀಯಿಂದ ನೋಡಿದಾಗ ಒಂದೇ ಇಳಿಜಾರಾಗಿ ಕಾಣುವ ಫೇರ್‌ವೇಯಲ್ಲಿ ಕೆಳಗಿನಿಂದ ನೋಡಿದರೆ ಎರಡು ಮೂರು ತಟ್ಟುಗಳು ಕಾಣುತ್ತವೆ. ಪ್ರತಿ ತಟ್ಟಿನ ಮೇಲೆ ಕ್ಲಬ್ ಶಾಫ್ಟ್ ನೆಲಕ್ಕಿಟ್ಟು, ಅದರ ಮೇಲೆ ಫೋನಿನ ಇಳಿಜಾರು ಮಾಪಕ ಇಡಿ, ಒಮ್ಮೆ ಗುರಿಯ ದಿಕ್ಕಿಗೆ, ಒಮ್ಮೆ ಅಡ್ಡಕ್ಕೆ. 2 ಡಿಗ್ರಿಯ ಒಳಗಿದ್ದರೆ ನನಗೆ ಅದು ಸಮತಟ್ಟು. 4ಕ್ಕೆ ಗುರಿ ಬದಲಿಸುತ್ತೇನೆ, 6 ದಾಟಿದರೆ ಕ್ಲಬ್ಬೇ ಬದಲಾಗುತ್ತದೆ. ತಟ್ಟಿನ ಉದ್ದ 25 ಯಾರ್ಡ್‌ಗಿಂತ ಕಡಿಮೆ ಇದ್ದರೆ ಅದನ್ನು ನಂಬಿ ಯೋಜನೆ ಹಾಕುವುದು ವ್ಯರ್ಥ, ನನ್ನ 5 ಐರನ್‌ನ ಹರವೇ ಅಷ್ಟಿದೆ. ಉದ್ದ ಸಾಲದಿದ್ದರೆ ಆ ಹೋಲ್‌ನಲ್ಲಿ ಮರುಮಾತಿಲ್ಲದೆ ಡ್ರೈವರ್ ಹೊಡೆಯುತ್ತೇನೆ.

ಇಳಿಜಾರು ಮುಗಿಯುವ ತಳಕ್ಕೆ ಚೆಂಡು ಓಡಿ ಸೇರುವಂತಿದ್ದರೂ ಡ್ರೈವರ್ರೇ ಸರಿ. ಮಾಸ್ಟರ್ಸ್ ಟೂರ್ನಿ ನಡೆಯುವ ಅಮೆರಿಕದ ಅಗಸ್ಟಾ ನ್ಯಾಷನಲ್‌ನ 10ನೇ ಹೋಲ್ ಇದಕ್ಕೆ ಒಳ್ಳೆಯ ಉದಾಹರಣೆ: 495 ಯಾರ್ಡ್ ಪಾರ್ 4, ಟೀಯಿಂದ ನೂರು ಅಡಿಯಷ್ಟು ಇಳಿಯುತ್ತದೆ. ಎಡಕ್ಕೆ ಬಾಗುವ ಡ್ರಾ ಹೊಡೆದವನ ಚೆಂಡು ಇಳಿಜಾರು ಹಿಡಿದು ಓಡುತ್ತದೆ, ಬಲಕ್ಕೆ ಮೇಲೆಯೇ ಉಳಿದವನಿಗೆ ಉದ್ದದ ಐರನ್ ಬಾಕಿ. ಅರ್ಧ ಇಳಿಜಾರಲ್ಲಿ ನಿಲ್ಲುವುದು ಮಾತ್ರ ಎಲ್ಲೂ ಬೇಡ. ಒಂದೋ ಅದರ ಮೇಲೆ, ಇಲ್ಲವೇ ಅದರ ಕೆಳಗೆ.

ವಾಲಿದ ನೆಲದಲ್ಲಿ ನಿಲ್ಲಲೇಬೇಕಾದಾಗಿನ ಲೆಕ್ಕ ಹೀಗೆ (ಎಡ-ಬಲ ಎಲ್ಲ ಬಲಗೈ ಆಟಗಾರನಿಗೆ). ಚೆಂಡು ಪಾದಕ್ಕಿಂತ ಮೇಲಿದ್ದರೆ ಕ್ಲಬ್‌ಮುಖ ಎಡಕ್ಕೆ ನೋಡುತ್ತದೆ, ಲಾಫ್ಟ್ (ಕ್ಲಬ್‌ಮುಖ ಹಿಂದಕ್ಕೆ ವಾಲಿದ ಕೋನ) ಹೆಚ್ಚಿದಷ್ಟೂ ಹೆಚ್ಚು. ವೆಡ್ಜ್‌ನಲ್ಲಿ ಕೋನ ದೊಡ್ಡದು ಆದರೆ ದೂರ ಕಡಿಮೆ, 5 ಐರನ್‌ನಲ್ಲಿ ಕೋನ ಚಿಕ್ಕದು ಆದರೆ ದೂರ ಹೆಚ್ಚು. ಎರಡೂ ಒಂದಕ್ಕೊಂದು ಸರಿದೂಗಿ, ಪೂರ್ತಿ ಹೊಡೆತಕ್ಕೆ ಯಾವ ಐರನ್ ಆದರೂ ಡಿಗ್ರಿಗೆ ಒಂದೂವರೆಯಿಂದ ಎರಡು ಯಾರ್ಡ್ ಬರುತ್ತದೆ. 5 ಡಿಗ್ರಿ ವಾಲಿದ್ದರೆ 8–9 ಯಾರ್ಡ್ ಬಲಕ್ಕೆ ಗುರಿ. ಈ ಒಂದು ಅಂಕಿ ತಲೆಯಲ್ಲಿದ್ದರೆ ಬೇರೆ ಕೋಷ್ಟಕ ಬೇಡ. ಚೆಂಡು ಕೆಳಗಿದ್ದಾಗ ಬಲಕ್ಕೆ ಹೋಗುವುದು ಲೆಕ್ಕಕ್ಕಿಂತ ಕಡಿಮೆ, ನಾನು ಅರ್ಧ ಮಾತ್ರ ಬಿಡುತ್ತೇನೆ. ಅಲ್ಲಿ ನಿಜವಾದ ಅಪಾಯ ದಿಕ್ಕಿನದಲ್ಲ, ಚೆಂಡಿನ ತಲೆಗೆ ತಾಗುವುದು. ಮಂಡಿ ಬಾಗಿಸಿ, ಸ್ಟಾನ್ಸ್ (ಪಾದಗಳ ನಿಲುವು) ಅಗಲಿಸಿ, ಮುಕ್ಕಾಲು ಸ್ವಿಂಗ್.

ಏರು ಲೈ (ಚೆಂಡು ಕೂತ ನೆಲ ಗುರಿಯ ಕಡೆಗೆ ಏರುವುದು) 5 ಡಿಗ್ರಿ ಇದ್ದರೆ ಅಷ್ಟೇ ಲಾಫ್ಟ್ ಸೇರಿದಂತೆ, ಅಂದರೆ ಒಂದು ಕ್ಲಬ್‌ಗಿಂತ ತುಸು ಹೆಚ್ಚು. ಗ್ರೀನ್ ಕೂಡ ಮೇಲಿದ್ದರೆ ಎರಡೂ ಕೂಡುತ್ತದೆ. ಇದನ್ನು ಮರೆತೇ ಜನ ಮೂವತ್ತು ಯಾರ್ಡ್ ಕಡಿಮೆ ಹೊಡೆಯುವುದು. ಇಳಿಜಾರು ಲೈಯಲ್ಲಿ ಲಾಫ್ಟ್ ಹೋಗುತ್ತದೆ, ಆದರೂ ದೂರ ಹೆಚ್ಚುವುದಿಲ್ಲ. ಕ್ಯಾರಿ (ಗಾಳಿಯಲ್ಲಿ ಹೋಗುವ ದೂರ) ಕಡಿಮೆಯಾಗಿ ಓಟ ಹೆಚ್ಚುತ್ತದೆ. ಗ್ರೀನ್‌ನ ಮುಂಭಾಗ ತೆರೆದಿದ್ದರೆ ಒಂದು ಕ್ಲಬ್ ಕಡಿಮೆ, ಮುಂದೆ ಬಂಕರ್ (ಮರಳುಗುಂಡಿ) ಇದ್ದರೆ ಗ್ರೀನ್ ಮಧ್ಯದ ಆಸೆ ಬಿಟ್ಟು ಅಗಲದ ಬದಿಗೆ. ಹೆಗಲು ಇಳಿಜಾರಿಗೆ ಸಮಾನಾಂತರ, ಚೆಂಡು ಹಿಂದಕ್ಕೆ ಅನ್ನುವುದೆಲ್ಲ ನಿಮಗೆ ಗೊತ್ತೇ ಇದೆ. ಇದಕ್ಕೆ ಹಿಡಿತದಲ್ಲಿ ಒಂದು ಸಣ್ಣ ಬದಲಾವಣೆ ನಾನು ಮಾಡಿಕೊಂಡಿದ್ದೇನೆ, ಅದು ಇನ್ನೂ ಬೆಟ್ ಗೆಲ್ಲಿಸುತ್ತಿರುವುದರಿಂದ ಸದ್ಯಕ್ಕೆ ನನ್ನಲ್ಲೇ ಇರಲಿ.

ಈ ನಡುವೆ ಮಾಡಿದ ಒಂದಿಷ್ಟು ಅಡ್ಡ ಪ್ರಯೋಗಗಳೂ ಇವೆ. ಐರನ್‌ಗಳ ಲೈ ಆ್ಯಂಗಲ್ (ಶಾಫ್ಟ್ ನೆಲದಿಂದ ಏಳುವ ಕೋನ) ಬಗ್ಗಿಸಿ ನೋಡಿದ್ದು ದಂಡ. ಗುಡ್ಡ ಒಂದೇ ಕಡೆ ವಾಲಿರುವುದಿಲ್ಲವಲ್ಲ, ಒಂದು ಬದಿಗೆ ಸರಿಪಡಿಸಿದ್ದು ಇನ್ನೊಂದು ಬದಿಗೆ ಇಮ್ಮಡಿ ತಪ್ಪಾಯಿತು, ಬಗ್ಗಿಸಲು ಕೊಟ್ಟ ಹಣ ವಾಪಸ್ ಬಗ್ಗಿಸಲೂ ಹೋಯಿತು. ಕಡಿಮೆ ಲಾಫ್ಟ್‌ನ 3 ವುಡ್ ಕ್ಲಬ್ ತೆಗೆದು 7 ವುಡ್ ಹಾಕಿದ್ದು ಮಾತ್ರ ಹಣ ಹಾಕಿದ್ದಕ್ಕೆ ಸಾರ್ಥಕ. 21 ಡಿಗ್ರಿ ಲಾಫ್ಟ್ ಇರುವುದರಿಂದ ಇಳಿಜಾರು ಲೈಯಲ್ಲೂ ಚೆಂಡು ಮೇಲೇಳುತ್ತದೆ, ಎತ್ತರದ ಗ್ರೀನ್ ಮೇಲೆ ನಿಲ್ಲುತ್ತದೆ. ಬ್ಯಾಗಿನಲ್ಲಿ 14ರ ಬದಲು 11 ಕ್ಲಬ್ ಇಟ್ಟು ನಡೆದಿದ್ದೂ ಲಾಭವೇ. ಕೊನೆಯ ಐದಾರು ಹೋಲ್‌ಗಳಲ್ಲಿ ಕಾಲು ಸೋತಾಗ ಮೊದಲು ಕುಸಿಯುವುದು ಏರು ಲೈಯಲ್ಲಿನ ಹೊಡೆತ. ಹಾಗಾಗಿ ಹೊರೆ ಇಳಿಸಿದರೂ 14ನೇ ಹೋಲ್ ನಂತರ ಏರಿದ್ದಲ್ಲೆಲ್ಲ ನಾನು ಅರ್ಧ ಕ್ಲಬ್ ಹೆಚ್ಚು ತೆಗೆದುಕೊಳ್ಳುತ್ತೇನೆ.

ಅಡ್ಡ ವಾಲಿದ ಫೇರ್‌ವೇಗೆ ಡ್ರೈವ್ ಹೊಡೆಯುವಾಗ ಚೆಂಡು ಬೀಳುವ ಜಾಗ ಬೇರೆ, ನಿಲ್ಲುವ ಜಾಗ ಬೇರೆ. ಗಟ್ಟಿ ನೆಲದಲ್ಲಿ 5 ಡಿಗ್ರಿ ಅಡ್ಡ ಇಳಿಜಾರು ಚೆಂಡನ್ನು 10–15 ಯಾರ್ಡ್ ಕೆಳಕ್ಕೆ ತಳ್ಳುತ್ತದೆ, ಒದ್ದೆಯಿದ್ದರೆ ಅದರ ಮೂರನೇ ಒಂದು ಪಾಲು. ಇಳಿಜಾರಿಗೆ ಎದುರಾಗಿ ತಿರುಗುವ ಹೊಡೆತ ಹೊಡೆದರೆ ಓಟ ಸಾಯುತ್ತದೆ: ಎಡಕ್ಕೆ ವಾಲಿದ್ದರೆ ಫೇಡ್ (ಬಲಕ್ಕೆ ಬಾಗುವ ಹೊಡೆತ), ಬಲಕ್ಕೆ ವಾಲಿದ್ದರೆ ಡ್ರಾ. ಡಾಗ್‌ಲೆಗ್ (ಫೇರ್‌ವೇಯ ತಿರುವು) ಬಲಕ್ಕೆ ತಿರುಗಿ ನೆಲ ಎಡಕ್ಕೆ ವಾಲಿರುವ ಹೋಲ್‌ನಲ್ಲಿ ಮೂಲೆ ಕತ್ತರಿಸುವ ಆಸೆಯೇ ಚೆಂಡು ಕಳೆಯುವ ದಾರಿ. ಹಿಂದೆ ಒಂದು ಸುತ್ತಿಗೆ ನಾಲ್ಕೈದು ಚೆಂಡು ಕಣಿವೆಗೆ ಹೋಗುತ್ತಿತ್ತು. ಹುಡುಕಲು ಇರುವುದು 3 ನಿಮಿಷ, ಅದರಲ್ಲಿ ಇಳಿದು ಹತ್ತುವುದಕ್ಕೇ ಸಾಕಾಗುತ್ತದೆ. ಈಗ ಒಂದು ಹೋದರೆ ಹೆಚ್ಚು. ಲೇಸರ್‌ಗೆ ಹಾಕಿದ್ದು ಒಂದು ಸೀಸನ್‌ನಲ್ಲೇ ಚೆಂಡಿನ ಉಳಿತಾಯದಲ್ಲಿ ಬಂತು, ನ್ಯಾಸೌ ಬೆಟ್‌ನಲ್ಲಿ (ಮೊದಲ ಒಂಬತ್ತು ಹೋಲ್, ಕೊನೆಯ ಒಂಬತ್ತು, ಪೂರ್ತಿ ಸುತ್ತು ಹೀಗೆ ಮೂರು ಬಾಜಿ) ಬಂದದ್ದು ಬೇರೆ.

ಕೆಳಕ್ಕೆ ಬಿದ್ದ ಚೆಂಡು ಸಿಕ್ಕು ಪರಿಹಾರ (ನಿಯಮದಂತೆ ಬೇರೆ ಜಾಗದಿಂದ ಆಡುವ ಅವಕಾಶ) ತೆಗೆದುಕೊಳ್ಳುವಾಗ ಡ್ರಾಪ್ ನಿಯಮ ಚೆನ್ನಾಗಿ ಓದಿಕೊಂಡಿರಿ. ಮಂಡಿ ಎತ್ತರದಿಂದ ಎರಡು ಸಲ ಬಿಟ್ಟರೂ ಚೆಂಡು ಪರಿಹಾರ ಜಾಗದ ಹೊರಗೆ ಉರುಳಿ ನಿಂತರೆ, ಎರಡನೇ ಸಲ ಅದು ಮೊದಲು ನೆಲ ತಾಕಿದ ಬಿಂದುವಿನಲ್ಲಿ ಕೈಯಿಂದ ಇಡಬೇಕು. ಗುಡ್ಡದಲ್ಲಿ ಇದು ಮಾಮೂಲಿ, ಆದರೂ ಮೂರನೇ ಸಲ ಡ್ರಾಪ್ ಮಾಡುವವರನ್ನು ನೋಡುತ್ತಲೇ ಇರುತ್ತೇನೆ.

ಗಾಳಿಯ ವಿಷಯ ಚುಟುಕಾಗಿ: ಎತ್ತರದ ಟೀಯಿಂದ ತಗ್ಗಿಗೆ ಹೊಡೆದ ಚೆಂಡು ಹೆಚ್ಚು ಹೊತ್ತು ಗಾಳಿಯಲ್ಲಿರುತ್ತದೆ, ಅಡ್ಡಗಾಳಿಗೆ ಸಮತಟ್ಟಿನ ಒಂದೂವರೆಯಷ್ಟು ಬಿಡುತ್ತೇನೆ. ಟೀಯಲ್ಲಿ ಹುಲ್ಲು ತೂರಿ ನೋಡಿ ಪ್ರಯೋಜನವಿಲ್ಲ, ಕಣಿವೆಯ ಆಚೆ ಮರದ ತುದಿ ನೋಡಿ.

ಇಷ್ಟೂ ಅಂಕಿ ಮೊದಲು ಹೋಲ್‌ಗೆ ಒಂದು ಪುಟದಂತೆ ಬರೆದಿದ್ದೆ. ಆಟದ ನಡುವೆ ಅದು ನಡೆಯುವುದಿಲ್ಲ. ನಿಯಮ ಶಿಫಾರಸು ಮಾಡುವುದೇ ಹೊಡೆತಕ್ಕೆ 40 ಸೆಕೆಂಡ್. ಈಗ ಹೋಲ್‌ಗೆ ಒಂದೇ ಸಾಲು: ಟೀ ಕ್ಲಬ್, ಚೆಂಡು ಬೀಳಬೇಕಾದ ಗುರುತು, ಸಾಯುವ ಬದಿ (ಅತ್ತ ಹೋದರೆ ಚೆಂಡು ಹೋದಂತೆ), ತಟ್ಟಿನಿಂದ ಗ್ರೀನ್‌ಗೆ ಕೂಡಿಸುವ ಅಥವಾ ಕಳೆಯುವ ಯಾರ್ಡ್. ಉದಾಹರಣೆಗೆ ‘5 ಐ, ಒಂಟಿ ಮರದ ಬಲ, ಎಡ ಸಾವು, +11’. ಎತ್ತರದ ಗ್ರೀನ್‌ನ ಮುಂಭಾಗ ಕೆಳಕ್ಕೆ ಬಾಗಿದ್ದರೆ ಪಿನ್ನಿನ (ಕುಳಿಯ ಧ್ವಜದ) ದೂರ ಬರೆಯುವುದೇ ಇಲ್ಲ. ಗ್ರೀನ್ ಮಧ್ಯದಿಂದ 5 ಯಾರ್ಡ್ ಆಚೆಯ ದೂರ ಬರೆಯುತ್ತೇನೆ, ಏಕೆಂದರೆ ಅಲ್ಲಿ ಎರಡು ಯಾರ್ಡ್ ಕಡಿಮೆಯಾದರೆ ಚೆಂಡು ಮೂವತ್ತು ಯಾರ್ಡ್ ಹಿಂದಕ್ಕೆ ಉರುಳುತ್ತದೆ. ಗುಡ್ಡ ಕಡಿದು ಮಾಡಿದ ಗ್ರೀನ್ ಆದರೆ ಸಾಲಿನ ಕೊನೆಗೆ ಕಣಿವೆಯ ದಿಕ್ಕಿಗೆ ಒಂದು ಬಾಣ. ಕಣ್ಣಿಗೆ ಸಪಾಟಾಗಿ ಕಂಡ ಪಟ್ (ಗ್ರೀನ್ ಮೇಲೆ ಉರುಳಿಸುವ ಹೊಡೆತ) ಅಲ್ಲಿ ಬಾಣದ ಕಡೆಗೇ ತಿರುಗುತ್ತದೆ, ಆರಡಿ ಪಟ್‌ಗೂ ಕಪ್‌ನ ಅಂಚಿನಷ್ಟು ಮೇಲಕ್ಕೆ ಬಿಡಿ.